ಬಿಳಿ ಅಂಬಾಸಿಡರ್, ಕಪ್ಪು ಅಂಬಾಸಿಡರ್

ಫೋಟೋಶಾಪ್‌ನಲ್ಲಿ ಬಿಳಿ ಕಾರಿನ ಚಿತ್ರ ಮುಗಿಸಿ, ಬಣ್ಣದ ಲೇಯರ್ (ಒಂದರ ಮೇಲೊಂದು ಇಡುವ ಪದರ) ಒಂದನ್ನೇ ಬದಲಿಸಿ ಅದನ್ನು ಕಪ್ಪು ಮಾಡಿಬಿಡೋಣ ಅಂತ ಹೊರಟರೆ ಏನಾಗುತ್ತದೆ ಎಂಬುದು ಆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಕಾಣುತ್ತಿತ್ತು. ಕಾರಿನ ಆಕಾರದ ಒಂದು ಇದ್ದಿಲ ತುಂಡು. ಬಾನೆಟ್ ಎಲ್ಲಿ ಮುಗಿಯಿತು, ಮಡ್‌ಗಾರ್ಡ್ ಎಲ್ಲಿ ಶುರುವಾಯಿತು, ಒಂದೂ ತಿಳಿಯದು.

ಬೆಳಗಿನ ಕೆಲಸ ಸಲೀಸಾಗಿಯೇ ಸಾಗಿತ್ತು. ಅಂಬಾಸಿಡರ್‌ನ ಪಕ್ಕನೋಟ, ಎ3 ಅಳತೆ, 300 ಡಿಪಿಐ (ಇಂಚಿಗೆ 300 ಚುಕ್ಕೆ): ಅಂದರೆ 4961 × 3508 ಪಿಕ್ಸೆಲ್. ಎರಡು ಚಕ್ರಗಳ ನಡುವಿನ ಅಂತರ 2464 ಮಿಲಿಮೀಟರ್. 1:12ಕ್ಕೆ ಇಳಿಸಿದರೆ 205 ಮಿ.ಮೀ., ಹಾಳೆಯ ಮೇಲೆ ಸುಮಾರು 2425 ಪಿಕ್ಸೆಲ್. ಮೊದಲು ಈ ಎರಡು ಚಕ್ರಗಳನ್ನು ಕೂರಿಸಿಕೊಳ್ಳಬೇಕು. ಫೋಟೋ ಇಟ್ಟುಕೊಂಡು ಗೆರೆ ಎಳೆಯುವವರು ಹದಿನೈದು ಮೀಟರಾದರೂ ಹಿಂದೆ ಸರಿದು, ಜೂಮ್ ಮಾಡಿ ತೆಗೆದ ಫೋಟೋ ಬಳಸಬೇಕು. ಹತ್ತಿರದಿಂದ ತೆಗೆದದ್ದರಲ್ಲಿ ಚಕ್ರಗಳ ಒಳಬದಿ ಇಣುಕುತ್ತದೆ, ಮೂಗು-ಬಾಲ ಎರಡೂ ಆಚೆಗೆ ಬಾಗುತ್ತವೆ. ಅದನ್ನು ಆಮೇಲೆ ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಬೇಗ.

ಹೊರಗೆರೆಗೆ ಫೋಟೋಶಾಪ್‌ನ ಪೆನ್ ಟೂಲ್. ಬಿಂದುಗಳು ಕಡಿಮೆಯಿದ್ದಷ್ಟೂ ಗೆರೆ ನಯ. ಮುಂದಿನ ಗಾಜಿನ ಬುಡದಿಂದ ಹಿಂದಿನ ಗಾಜಿನ ಬುಡದವರೆಗಿನ ಇಡೀ ಛಾವಣಿಗೆ ನಾಲ್ಕೈದು ಬಿಂದು ಸಾಕು; ಬಿಂದುವಿನಿಂದ ಹೊರಟು ಗೆರೆಯನ್ನು ಬಾಗಿಸುವ ಹ್ಯಾಂಡಲ್‌ನ ಉದ್ದ ಎರಡು ಬಿಂದುಗಳ ನಡುವಿನ ತುಣುಕಿನ ಮೂರನೇ ಒಂದು ಭಾಗದ ಆಸುಪಾಸು. ಹತ್ತು ಬಿಂದು ಇಟ್ಟರೆ ಛಾವಣಿ ಹಪ್ಪಳದ ಅಂಚಿನಂತೆ ಅಲೆಅಲೆಯಾಗುತ್ತದೆ. ಬಾಡಿ, ಗಾಜು, ಚಕ್ರದ ಕಮಾನು, ಟೈರು, ಬಂಪರ್, ಬಾಗಿಲಿನ ಸಂದು, ಹೀಗೆ ಒಂದೊಂದು ಪಾತ್‌ಗೂ (ಪೆನ್ ಟೂಲ್ ಎಳೆದ ಗೆರೆಗೂ) ಹೆಸರು ಕೊಟ್ಟು ಉಳಿಸಿಕೊಂಡರೆ, ಬಣ್ಣ ಆ ಭಾಗದ ಆಚೆಗೆ ಹೋಗದಂತೆ ತಡೆಯುವ ಮಾಸ್ಕ್‌ಗೆ ಅವೇ ಆಗುತ್ತವೆ. ಹೆಸರು ಕೊಡದಿದ್ದರೆ ‘ವರ್ಕ್ ಪಾತ್’ ಮೇಲೆ ಹೊಸ ಗೆರೆ ಬಿದ್ದು ಹಳೆಯದು ಮಾಯ.

0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ ಎಂಬ ಲೆಕ್ಕದಲ್ಲಿ ಬಿಳಿ ಕಾರಿಗೆ ಮೂಲಬಣ್ಣ 255 ಅಲ್ಲ, 225. ಅದಕ್ಕಿಂತ ಮೇಲಿನ ಜಾಗ ಮಿಂಚಿಗೆ ಮೀಸಲು. ಮೇಲ್ಮುಖದ ಭಾಗಗಳನ್ನು ಹಾಗೇ ಬಿಟ್ಟು, ಬಾಗಿಲಿನ ಬದಿಯನ್ನು 190ರವರೆಗೆ, ಒಳಕ್ಕೆ ಮಡಚಿದ ಕೆಳಭಾಗವನ್ನು 120ರವರೆಗೆ ಇಳಿಸಿದೆವು. ಹಾರ್ಡ್‌ನೆಸ್ 0 ಇರುವ, ಅಂದರೆ ಅಂಚು ಮೆತ್ತಗಿರುವ ದೊಡ್ಡ ಬ್ರಶ್, ಒಪಾಸಿಟಿ (ಬಣ್ಣದ ದಟ್ಟತೆ) ಶೇ 10–15. ತೀರಾ ಬುಡದಲ್ಲಿ ಮತ್ತೆ ಕೊಂಚ ಬೆಳಕು ಬೇಕು, ನೆಲದಿಂದ ಚಿಮ್ಮಿ ಬರುವ ಬೆಳಕು, ಬೆಚ್ಚಗಿನ ಬಣ್ಣದ್ದು. ಹಾಗಾಗಿ ಅತಿ ಗಾಢ ನೆರಳು ಬುಡದಲ್ಲಿಲ್ಲ, ಅದಕ್ಕಿಂತ ಸ್ವಲ್ಪ ಮೇಲಿದೆ. ಹಿನ್ನೆಲೆ ಹಾಳೆಯನ್ನೂ 170ರ ಬೂದಿಗೆ ಇಳಿಸದಿದ್ದರೆ ಛಾವಣಿಯ ಅಂಚು ಕಾಗದದಲ್ಲಿ ಕರಗಿಹೋಗುತ್ತದೆ. ಇಷ್ಟಕ್ಕೆ ಬಿಳಿ ಕಾರು ನಿಂತಿತು.

ಮೂಲಬಣ್ಣವನ್ನು 15ಕ್ಕೆ ಇಳಿಸಿದಾಗ ಆದದ್ದೇ ಆ ಇದ್ದಿಲು. ಕಾರಣ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿದೆ. ನೇರವಾಗಿ ನೋಡಿದಾಗ ಆ ಪದರ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ನ್ನು ಮಾತ್ರ ಕನ್ನಡಿಯಂತೆ ಹಿಂದಿರುಗಿಸುತ್ತದೆ. ಈ ಪ್ರಮಾಣ ಬಿಳಿ ಕಾರಿಗೂ ಅಷ್ಟೇ, ಕಪ್ಪಿಗೂ ಅಷ್ಟೇ. ಬಿಳಿಯಲ್ಲಿ ಆ ಶೇ 4 ಮೂಲಬಣ್ಣದ ಹೊಳಪಿನಲ್ಲಿ ಮುಳುಗಿಹೋಗುತ್ತದೆ. ಕಪ್ಪಿನಲ್ಲಿ ಕಣ್ಣಿಗೆ ಬೀಳುವುದು ಅದೊಂದೇ. ಬಿಳಿ ಕಾರಿನ ಉಬ್ಬುತಗ್ಗು ತಿಳಿಯುವುದು ನೆರಳಿನಿಂದ, ಕಪ್ಪು ಕಾರಿನದ್ದು ಪ್ರತಿಬಿಂಬದಿಂದ. ಬೆಳಗ್ಗೆಯಿಡೀ ಬರೆದದ್ದು ಬರೀ ನೆರಳು. ಕಪ್ಪಾಗಿಸಿದಾಗ ನೆರಳು ಕಪ್ಪಿನೊಳಗೆ ಸೇರಿಕೊಂಡಿತು, ಪ್ರತಿಬಿಂಬ ಎಲ್ಲೂ ಇರಲಿಲ್ಲ.

ಹಾಗಾಗಿ ಪ್ರತಿಬಿಂಬಕ್ಕೆ ಪ್ರತ್ಯೇಕ ಗ್ರೂಪ್ (ಲೇಯರ್‌ಗಳ ಗುಂಪು), ಕೆಳಗಿನ ಬಣ್ಣವನ್ನು ಬೆಳಗಿಸುವ ಸ್ಕ್ರೀನ್ ಮೋಡ್‌ನಲ್ಲಿ. ಅದರ ಲೆಕ್ಕ ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆ: 60ರ ಬೂದುಬಣ್ಣವನ್ನು 225ರ ಮೇಲೆ ಹಾಕಿದರೆ 232, ಬರೀ 7 ಏರಿಕೆ, ಅದನ್ನೇ 15ರ ಮೇಲೆ ಹಾಕಿದರೆ 71, ಅಂದರೆ 56 ಏರಿಕೆ. ಗ್ರೂಪ್ ಒಂದೇ, ಎರಡೂ ಕಾರಿಗೆ ಆಗುತ್ತದೆ.

ಇನ್ನು ಅದರಲ್ಲಿ ಏನು ಬರೆಯುವುದು? ಮೇಲಕ್ಕೆ ಮುಖಮಾಡಿದ ಭಾಗ ಆಕಾಶವನ್ನು ತೋರಿಸುತ್ತದೆ, ಕೆಳಕ್ಕೆ ಬಾಗಿದ್ದು ರಸ್ತೆಯನ್ನು. ಎರಡರ ನಡುವಿನ ದಿಗಂತದ ಗೆರೆ ಬೀಳುವುದು ಬಾಡಿ ಸರಿಯಾಗಿ ಲಂಬವಾಗಿರುವ ಕಡೆ. ಮೊದಲ ಸಲ ಆ ಗೆರೆಯನ್ನು ಹೆಡ್‌ಲೈಟಿನಿಂದ ಡಿಕ್ಕಿಯವರೆಗೆ ಉದ್ದಕ್ಕೆ ನೇರವಾಗಿ ಎಳೆದಾಗಿತ್ತು. ಈಗಿನ ಕಾರಿನ ಚಪ್ಪಟೆ ಬದಿಗಾದರೆ ಹೇಗೋ ನಡೆದೀತು. ಅಂಬಾಸಿಡರ್‌ಗೆ ಹಾಗೆ ಮಾಡಿದರೆ ಅದು ತಗಡಿನಲ್ಲಿ ಕತ್ತರಿಸಿಟ್ಟ ಬೊಂಬೆ. ಮುಂದಿನ ಮಡ್‌ಗಾರ್ಡಿನ ಉಬ್ಬು ಬಾಗಿಲಿನ ಕಡೆಗೆ ಕರಗುತ್ತ ಬರುತ್ತದೆ, ಹಿಂದಿನದು ತನ್ನದೇ ಬೇರೆ ಉಬ್ಬು.

ಊಹೆ ಬಿಟ್ಟು ಸೆಕ್ಷನ್ ಬರೆದುಕೊಳ್ಳುವುದೇ ಇದಕ್ಕೆ ಮದ್ದು. ಮುಂಚಕ್ರದ ನೆತ್ತಿ, ಮುಂಬಾಗಿಲಿನ ನಡು, ಹಿಂಬಾಗಿಲಿನ ಕೊನೆ, ಹಿಂಚಕ್ರದ ನೆತ್ತಿ: ಈ ನಾಲ್ಕು ಕಡೆ ಕಾರನ್ನು ಹಲಸಿನ ಹಣ್ಣಿನಂತೆ ಅಡ್ಡಲಾಗಿ ಕೊಯ್ದರೆ ಅಂಚು ಹೇಗೆ ಕಾಣುತ್ತದೆ ಎಂದು ಒಂದು ಲೇಯರ್‌ನಲ್ಲಿ ಗೀಚಬೇಕು. ಪ್ರತಿ ಅಂಚಿನಲ್ಲೂ ಲಂಬವಾಗಿರುವ ಬಿಂದುವನ್ನು ಗುರುತಿಸಿ, ಅಷ್ಟನ್ನೂ ಜೋಡಿಸಬೇಕು. ಬಂದ ಗೆರೆ ಮುಂದೆ ಎತ್ತರದಲ್ಲಿ ಶುರುವಾಗಿ, ಬಾಗಿಲಲ್ಲಿ ಇಳಿದು, ಹಿಂದಿನ ಉಬ್ಬಿನಲ್ಲಿ ತಟಕ್ಕನೆ ಏರಿತು. ನಾಲ್ಕು ಸೆಕ್ಷನ್‌ಗೆ ಇಪ್ಪತ್ತು ನಿಮಿಷ ಹಿಡಿದಿರಬಹುದು. ಅದಿಲ್ಲದೆ ಒದ್ದಾಡಿದ್ದು ಎರಡು ಗಂಟೆ.

ಗೆರೆಯ ಅಂಚು ಎಲ್ಲ ಕಡೆ ಒಂದೇ ಹದದಲ್ಲಿರಬಾರದು. ಬಾಡಿ ಬಿಗಿಯಾಗಿ ತಿರುಗುವಲ್ಲಿ ಆಕಾಶ, ದಿಗಂತ, ನೆಲ ಮೂರೂ ಕಿರಿದಾದ ಪಟ್ಟಿಯಲ್ಲಿ ಒತ್ತಿಕೊಳ್ಳುವುದರಿಂದ ಅಂಚು ಹರಿತ. ನಿಧಾನಕ್ಕೆ ತಿರುಗುವಲ್ಲಿ ಅದೇ ಅಂಚು ಅಗಲಕ್ಕೆ ಹರಡುತ್ತದೆ. ಛಾವಣಿಯ ಕಡೆ ಹೋದಂತೆ ನೋಟ ಓರೆಯಾಗುವುದರಿಂದ ಪ್ರತಿಬಿಂಬದ ಬಲವೂ ಏರುತ್ತದೆ: 60 ಡಿಗ್ರಿ ಓರೆಗೆ ಶೇ 9, 80 ಡಿಗ್ರಿಗೆ ಶೇ 39ರ ಹತ್ತಿರ. ಕಪ್ಪು ಕಾರಿನ ಛಾವಣಿಯ ಅಂಚು ಬೆಳ್ಳಗೆ ಕಾಣುವುದು ಇದರಿಂದಲೇ. ಪಕ್ಕದ ಗಾಜು ಒಳಕ್ಕೆ ವಾಲಿರುವುದರಿಂದ ಅದರಲ್ಲಿ ರಸ್ತೆ ಕಾಣಲು ಸಾಧ್ಯವೇ ಇಲ್ಲ. ಎಷ್ಟೋ ಚಿತ್ರಗಳಲ್ಲಿ ದಿಗಂತದ ಗೆರೆ ಗಾಜಿಗೂ ಏರಿಬಿಟ್ಟಿರುತ್ತದೆ!

15ರಿಂದ 71ಕ್ಕೆ ಹೋಗುವ ಬಣ್ಣದ ಇಳಿಜಾರು 900 ಪಿಕ್ಸೆಲ್ ಅಗಲಕ್ಕೆ ಹರಡಿದರೆ ಪ್ರತಿ ಮೆಟ್ಟಿಲು 16 ಪಿಕ್ಸೆಲ್. ಕಪ್ಪಿನ ಮೇಲೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಇನ್ನೂ ಸಣ್ಣ ಮೆಟ್ಟಿಲುಗಳಿರುವ 16 ಬಿಟ್‌ನಲ್ಲಿ ಕೆಲಸ ಮಾಡಿದರೂ ಜೆಪೆಗ್ ಆಗುವಾಗ ಮತ್ತೆ 8 ಬಿಟ್ಟೇ. ಆದ್ದರಿಂದ ಶೇ 1ರಷ್ಟು ನಾಯ್ಸ್ (ಚದುರಿದ ಸಣ್ಣ ಚುಕ್ಕೆಗಳು) ಸೇರಿಸಿಯೇ ಉಳಿಸಬೇಕು.

ಕ್ರೋಮ್ ಬಂಪರ್, ಚಕ್ರದ ಬಟ್ಟಲುಗಳನ್ನು ಮುಟ್ಟಬೇಕಾಗಿಲ್ಲ. ಲೋಹದ ಹೊಳಪಿಗೂ ಬಾಡಿ ಬಣ್ಣಕ್ಕೂ ಸಂಬಂಧ ಕಡಿಮೆ. ಟೈರು ಮಾತ್ರ ತಿದ್ದಲೇಬೇಕು. ಕಪ್ಪು ಬಾಡಿಗಿಂತ ಟೈರು ತಿಳಿ, 40ರ ಆಸುಪಾಸು, ಮಿಂಚಿಲ್ಲದ್ದು. ಕೊನೆಗೆ ಉಳಿದದ್ದು ಬಾಗಿಲಿನ ಹಿಡಿ. ಬಿಳಿ ಕಾರಿನಲ್ಲಿ ಅದರ ಕೆಳಗೆ ಬೂದು ನೆರಳಿತ್ತು. ಕಪ್ಪಿನಲ್ಲಿ ಆ ನೆರಳನ್ನು ಅಳಿಸಿ, ಅದೇ ಜಾಗದಲ್ಲಿ ಹಿಡಿಯ ಮಸುಕಾದ ಪ್ರತಿಬಿಂಬ ಬರೆಯಬೇಕಾಯಿತು.