ಬೀದರಿಗೆ ಕಂಪನಿ ಮಹಾಸಭೆಗೆ ಹೋಗುವವರಿಗೆ

ಸೆಪ್ಟೆಂಬರ್ ಬಂತೆಂದರೆ ಮಹಾಸಭೆಗಳ ಹಂಗಾಮು. ಮಾರ್ಚಿಗೆ ಲೆಕ್ಕ ಮುಗಿಸುವ ಕಂಪನಿಗಳು ಆರು ತಿಂಗಳೊಳಗೆ ಸದಸ್ಯರನ್ನು ಕರೆದು ಲೆಕ್ಕ ಒಪ್ಪಿಸಬೇಕು, ಅದು ಕಾನೂನು. ಹಾಗಾಗಿ ಬಹಳಷ್ಟು ಸಭೆಗಳು ಸೆಪ್ಟೆಂಬರ್ ಕೊನೆಯ ವಾರಕ್ಕೇ ಬಂದು ಬೀಳುತ್ತವೆ.

ನಾನಿರುವುದು ಕಲಬುರಗಿಯಲ್ಲಿ. ತವರಿನಿಂದ ಬಂದ ಸ್ವಲ್ಪ ಹೊಲ ಹುಮನಾಬಾದ್ ಹತ್ತಿರ ಇದೆ, ತಮ್ಮ ನೋಡಿಕೊಳ್ಳುತ್ತಾನೆ. ತೊಗರಿ, ಉದ್ದು ಹಾಕುತ್ತೇವೆ. ಆ ಹೊಲದ ಮೇಲೆ ಬೀದರಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ, ಅಂದರೆ ರೈತರೇ ಸದಸ್ಯರಾಗಿರುವ ಕಂಪನಿಯಲ್ಲಿ, ನನ್ನ ಹೆಸರಿಗೆ ಷೇರು ಇದೆ. ರೈತರಿಗೆ ತೂಕದಲ್ಲಿ ಮೋಸ ಮಾಡುವುದಿಲ್ಲ, ಬೇಳೆ ಕೊಂಡವರಿಗೆ ಕಲಬೆರಕೆ ಕೊಡುವುದಿಲ್ಲ ಎಂದು ಹೆಸರು ಮಾಡಿದ ಕಂಪನಿ. ಆ ಹೆಸರು ನಿಜವೋ ಸುಳ್ಳೋ ನೋಡೋಣ ಎಂದೇ ಸಭೆಗೆ ಹೋದೆ. ನಿಮಗೂ ಇಂಥ ನೋಟಿಸ್ ಬಂದು, "ನಾವು ಹೋಗಿ ಏನ್ ಮಾಡೋದು" ಎಂದು ಕಪಾಟಿನಲ್ಲಿ ಇಟ್ಟಿದ್ದರೆ ತೆಗೆಯಿರಿ.

ಷೇರುಪೇಟೆಯ ದೊಡ್ಡ ಕಂಪನಿಗಳ ಷೇರು ಇರುವವರು ಬ್ಯಾಗ್ ತುಂಬುವ ಅಗತ್ಯವೇ ಇಲ್ಲ. 2020ರಲ್ಲಿ ಕೋವಿಡ್ ಬಂದಾಗ ವಿಡಿಯೊ ಮೂಲಕ ಸಭೆ ನಡೆಸಲು ಕೇಂದ್ರ ಸರ್ಕಾರ ಒಪ್ಪಿತು, ಅವರಲ್ಲಿ ಬಹಳ ಜನ ಅದನ್ನೇ ಮುಂದುವರಿಸಿದ್ದಾರೆ. ಮಾತಾಡಬೇಕೆಂದರೆ ಮೊದಲೇ ಹೆಸರು ನೋಂದಾಯಿಸಬೇಕು. ಮನೆಯಿಂದ ಹಾಕುವ ಇ-ವೋಟಿಂಗ್ ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಗಿಯುತ್ತದೆ. ಅನುಕೂಲವೇನೋ ಹೌದು. ಆದರೆ ಮೈಕ್ ಆನ್ ಮಾಡುವುದು, ಆಫ್ ಮಾಡುವುದು ಅವರ ಕೈಯಲ್ಲೇ. ಎದುರಿಗೆ ಕೂತು ಕೇಳುವ ಮಜಾ ಬೇಕೆಂದರೆ ರೈತ ಕಂಪನಿಗಳು, ಸೌಹಾರ್ದ ಸಹಕಾರಿಗಳು, ಊರಿನ ಸಣ್ಣ ಕಂಪನಿಗಳೇ ಸರಿ.

ನೋಟಿಸ್ ಬಂದ ದಿನವೇ ಓದಿ. ಸಾಮಾನ್ಯ ಕಂಪನಿಯಾದರೆ 21 ದಿನ ಮುಂಚೆ, ಉತ್ಪಾದಕ ಕಂಪನಿಯಾದರೆ ಕನಿಷ್ಠ 14 ದಿನ ಮುಂಚೆ ಕಳಿಸಬೇಕು. ಉತ್ಪಾದಕ ಕಂಪನಿಯ ನೋಟಿಸ್ ಜೊತೆಗೆ ಕಾರ್ಯಸೂಚಿ, ಹಿಂದಿನ ಸಭೆಯ ನಡಾವಳಿ, ಆಡಿಟ್ ಆದ ಲೆಕ್ಕಪತ್ರ ಎಲ್ಲ ಇರಲೇಬೇಕು. ಬರೀ ಒಂದು ಹಾಳೆ ಬಂದಿದ್ದರೆ ಫೋನ್ ಮಾಡಿ ಉಳಿದದ್ದನ್ನು ಕೇಳಿ. ಕೇಳಿದಾಗ ಹೇಗೆ ಮಾತಾಡುತ್ತಾರೆ ಎನ್ನುವುದರಲ್ಲೇ ಅರ್ಧ ಕಂಪನಿ ಗೊತ್ತಾಗುತ್ತದೆ.

ಲೆಕ್ಕಪತ್ರ ಪೂರ್ತಿ ಅರ್ಥವಾಗಬೇಕು ಅಂತೇನಿಲ್ಲ. ನಾನು ಮೊದಲು ನೋಡುವುದು ಮಾರ್ಚ್ 31ಕ್ಕೆ ರೈತರಿಗೆ ಕೊಡಬೇಕಾದ ಬಾಕಿ ಎಷ್ಟು ಎಂದು. ಆಮೇಲೆ ಆಡಿಟರ್ ಏನಾದರೂ ತಕರಾರು ಬರೆದಿದ್ದಾರಾ, ನಿರ್ದೇಶಕರ ಮನೆಯವರ ಅಂಗಡಿ, ಲಾರಿ, ಗೋದಾಮಿಗೆ ಎಷ್ಟು ದುಡ್ಡು ಹೋಗಿದೆ ಎಂದು. ಇದಿಷ್ಟು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಸಾಕು.

ಇನ್ನು ಪ್ರಯಾಣ. ಮೊದಲು ಕಲಬುರಗಿಯಿಂದ ಬೀದರಿಗೆ ರೈಲಿನಲ್ಲಿ ಹೋಗಬೇಕೆಂದರೆ ವಾಡಿ, ವಿಕಾರಾಬಾದ್ ಸುತ್ತಬೇಕಿತ್ತು. 2017ರ ಅಕ್ಟೋಬರಿನಲ್ಲಿ ಹುಮನಾಬಾದ್ ಮೇಲಿನ ನೇರ ಮಾರ್ಗ ಶುರುವಾಯಿತು. ಸುಮಾರು 110 ಕಿ.ಮೀ. ಹಾದಿ, ಟಿಕೆಟ್ ಅಗ್ಗ, ಮರಗುತ್ತಿ ಹತ್ತಿರ ಸುರಂಗವೂ ಸಿಗುತ್ತದೆ. ಆದರೆ ರೈಲುಗಳು ಕಡಿಮೆ, ಸಭೆಯ ಸಮಯಕ್ಕೆ ಹೊಂದಬೇಕಲ್ಲ. ಅದಕ್ಕೇ ನಾನು ಬಸ್ಸಿಗೇ ಹೋದೆ. ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ಸೇರಲು ಮೂರು ಗಂಟೆ ಇಟ್ಟುಕೊಳ್ಳಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಉಚಿತ. ಆಧಾರ್ ಕಾರ್ಡ್ ಮರೆಯಬೇಡಿ, ಸಭೆಯ ಬಾಗಿಲಲ್ಲೂ ಅದನ್ನೇ ಕೇಳುತ್ತಾರೆ. ಕಮಲಾಪುರದಲ್ಲಿ ಬಸ್ ನಿಂತಾಗ ಕೆಂಪು ಬಾಳೆಹಣ್ಣು ಕಂಡರೆ ಕೊಳ್ಳಿ. ಬೆಲೆ ಜಾಸ್ತಿ ಅನಿಸುತ್ತದೆ, ಆದರೆ ಎರಡು ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ.

ಹೊಟ್ಟೆಯ ಮಾತು ಯಾಕೆ ಅಂದರೆ, ಸಭೆ ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ. ಉತ್ಪಾದಕ ಕಂಪನಿಯಲ್ಲಿ ಕನಿಷ್ಠ ಕಾಲು ಭಾಗ ಸದಸ್ಯರು ಬಂದರೇನೇ ಕೋರಂ. ನಾಲ್ಕು ನೂರು ಸದಸ್ಯರಿದ್ದರೆ ನೂರು ಜನ ಬರಬೇಕು. ಹಳ್ಳಿಯಿಂದ ಟಂಟಂನಲ್ಲಿ ಬರುವವರು ಬರುವವರೆಗೆ ಕಾಯುವುದೇ. ಕಾಯುವಾಗ ಸುಮ್ನೆ ಮೊಬೈಲ್ ನೋಡಬೇಡಿ, ಪಕ್ಕದವರನ್ನು ಮಾತಾಡಿಸಿ. ದುಡ್ಡು ಎಷ್ಟು ದಿನಕ್ಕೆ ಬಂತು, ಚೀಲಕ್ಕೆ ಎಷ್ಟು ಕಡಿದರು ಎಂದು ಕೇಳಿ. ಅಚ್ಚುಹಾಕಿದ ವರದಿಯಲ್ಲಿ ಇಲ್ಲದ್ದೆಲ್ಲ ಅಲ್ಲಿ ಸಿಗುತ್ತದೆ.

ಸಹಿ ಹಾಕುವ ಪುಸ್ತಕದ ಬಗ್ಗೆ ಒಂದು ಎಚ್ಚರ. ನಿಮ್ಮ ಹೆಸರಿನ ಮುಂದೆ ನೀವೇ ಸಹಿ ಮಾಡಿ. ಅಕ್ಕಪಕ್ಕದ ಮನೆಯವರದ್ದನ್ನೂ ಹಾಕಿಬಿಡಿ ಎಂದರೆ ಒಪ್ಪಬೇಡಿ.

ಅಧ್ಯಕ್ಷರ ಭಾಷಣ, ವರದಿ ಓದು ಎಲ್ಲ ಕಡೆ ಇದ್ದಂತೆಯೇ ಇತ್ತು. ನಿಜವಾದ ಸಭೆ ಶುರುವಾದದ್ದು ಭಾಲ್ಕಿ ಕಡೆಯ ಒಬ್ಬ ಆಯಿ ಎದ್ದು ನಿಂತಾಗ. ಸೆರಗು ಸರಿಮಾಡಿಕೊಂಡು, ಮೈಕ್ ಬೇಡ ಎಂದು ತಳ್ಳಿ, ಜೋರು ದನಿಯಲ್ಲೇ ಕೇಳಿದರು: "ನಂದು ಒಂದೇ ಚೀಲ್ರಿ. ಊರಾಗ ಮಷಿನಿಗೆ ಹಾಕಿದ್ರ ಹನ್ನೆರಡು, ನಿಮ್ಮ ಗೋದಾಮಿಗೆ ತಂದ್ರ ಹದಿನಾಲ್ಕು. ಹಾದ್ಯಾಗ ತೊಗರಿ ನೀರು ಕುಡೀತೇನ್ರಿ ಸಾಹೇಬ್ರ?"

ಸಭೆ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಆಯಿ ಹೇಳಿದ ಅಂಕಿ ಕಾಳಿನ ತೇವಾಂಶದ್ದು. ತೊಗರಿಯಲ್ಲಿ ತೇವಾಂಶ ಶೇ 12 ದಾಟಿದರೆ ಬೆಂಬಲ ಬೆಲೆಯ ಖರೀದಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಖಾಸಗಿಯವರು ತೆಗೆದುಕೊಂಡರೂ ದರದಲ್ಲಿ ಕಡಿಯುತ್ತಾರೆ. ಅಡತ್ ಅಂಗಡಿಯಲ್ಲಿ, ಅಂದರೆ ದಲ್ಲಾಳಿಯ ಹತ್ತಿರ, ಈ ಮಾತು ಎತ್ತಿ ನೋಡಿ, "ಬ್ಯಾಡಾದ್ರ ಚೀಲ ಹೊತ್ಕೊಂಡು ಹೋಗ್ರಿ" ಎಂಬ ಉತ್ತರ ಸಿಗುವುದೇ ಹೆಚ್ಚು.

ಇಲ್ಲಿ ಅಧ್ಯಕ್ಷರು ಹುಡುಗನೊಬ್ಬನನ್ನು ಗೋದಾಮಿಗೆ ಓಡಿಸಿದರು. ತೇವಾಂಶ ಅಳೆಯುವ ಎರಡು ಮೀಟರ್ ಬಂದವು, ಒಂದು ಹಳ್ಳಿಯ ಖರೀದಿ ಕೇಂದ್ರದ್ದು, ಇನ್ನೊಂದು ಗೋದಾಮಿನದ್ದು. ಮೇಜಿನ ಮೇಲಿದ್ದ ಹೂಗುಚ್ಛ ಸರಿಸಿ, ಒಂದೇ ಚೀಲದ ಕಾಳನ್ನು ಎರಡಕ್ಕೂ ಹಾಕಿದರು. ಅಂಕಿ ಏನು ಬಂತೆಂದು ಓದಲು ಆಯಿಯನ್ನೇ ಕರೆದರು. ಅವರಿಗೆ ಓದು ಬಾರದು, ಮೊಮ್ಮಗ ಓದಿದ. ಎರಡೂ ಬೇರೆ ಬೇರೆ. ಒಂದೂವರೆಗಿಂತ ಜಾಸ್ತಿ ವ್ಯತ್ಯಾಸ. ಸಭೆಯಲ್ಲಿ ಗದ್ದಲ ಎದ್ದಿತು, ಅಧ್ಯಕ್ಷರು ತಡೆಯಲಿಲ್ಲ. "ತಪ್ಪು ನಮ್ದೇ ಅದ" ಎಂದರು. ಸುಗ್ಗಿಗೆ ಮೊದಲು ಎರಡೂ ಮೀಟರ್ ತಪಾಸಣೆ ಮಾಡಿಸುವುದು, ತೂಕದ ಚೀಟಿ ಇದ್ದವರಿಗೆ ಕಡಿದ ದುಡ್ಡು ವಾಪಸ್ ಕೊಡುವುದು ಎಂದು ಅಲ್ಲೇ ಬರೆಸಿದರು. ನನ್ನ ಮಟ್ಟಿಗೆ ಬಂದ ಕೆಲಸ ಆಯಿತು. ಒಳ್ಳೆಯ ಕಂಪನಿಯಲ್ಲೂ ಮೀಟರ್ ತಪ್ಪಬಹುದು. ಅದನ್ನು ಸಭೆಯ ಮುಂದೆ ಇಡುವ ಧೈರ್ಯ ಇದೆಯೋ ಇಲ್ಲವೋ ಎಂದು ನೋಡಲಿಕ್ಕೇ ಅಲ್ಲವಾ ಇಷ್ಟು ದೂರ ಹೋಗುವುದು? ತೂಕದ ಚೀಟಿಗಳನ್ನು ಮಾತ್ರ ದಯವಿಟ್ಟು ಎಸೆಯಬೇಡಿ.

ಬೇಳೆ ಕೊಳ್ಳುವ ಕೆಲವರನ್ನೂ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಅವರಿಗೆ ಮತ ಇಲ್ಲ, ಮಾತು ಇತ್ತು. ಹಾಸ್ಟೆಲ್ ಮೆಸ್ ನಡೆಸುವ ಒಬ್ಬರು ಬೇಳೆಯಲ್ಲಿ ಸಿಕ್ಕ ಕಲ್ಲಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡೇ ಬಂದಿದ್ದರು! ಪ್ರಶ್ನೆ ಕೇಳುವುದಾದರೆ ಹೀಗೆ ಕೇಳಬೇಕು. ಚೀಟಿ, ದಿನಾಂಕ, ವಸ್ತು ಕೈಯಲ್ಲಿ ಇರಲಿ. ಒಂದೇ ವಿಷಯ ಹಿಡಿಯಿರಿ. ಊರಿನ ರಾಜಕೀಯ ಎಳೆದು ತಂದರೆ ಉತ್ತರ ಕೊಡದೆ ತಪ್ಪಿಸಿಕೊಳ್ಳಲು ಅವರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಷೇರು ಕಡಿಮೆ ಎಂದು ಹಿಂಜರಿಯುವುದೂ ಬೇಡ. ಉತ್ಪಾದಕ ಕಂಪನಿಯಲ್ಲಿ ರೈತರಿಗೆ ಷೇರು ಎಷ್ಟೇ ಇರಲಿ, ತಲೆಗೊಂದೇ ಮತ. ಬೋನಸ್ ಬಂದರೂ ಕಂಪನಿಗೆ ಎಷ್ಟು ಮಾಲು ಹಾಕಿದ್ದೀರೋ ಅದರ ಮೇಲೆ.

ಊಟ ಚೆನ್ನಾಗಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೊನೆಗೆ ಹುಗ್ಗಿ. ಉಡುಗೊರೆ ಡಬ್ಬಿ ಕೊಡಲಿಲ್ಲ ಎಂದು ಗೊಣಗುವವರು ಇದ್ದರು. ಕಂಪನಿ ಸಭೆಗಳಿಗೆ ಇರುವ ನಿಯಮದಲ್ಲಿ ಉಡುಗೊರೆ, ಕೂಪನ್, ಅದರ ಬದಲು ನಗದು ಹಂಚುವಂತಿಲ್ಲ. ಕೊಟ್ಟರೆ ಅನುಮಾನಪಡಿ.

ಹೊರಗಿನಿಂದ ಬರುವವರು ಒಂದು ರಾತ್ರಿ ಉಳಿದರೆ ಒಳ್ಳೆಯದು. ಗುರುನಾನಕ್ ಝೀರಾ ಗುರುದ್ವಾರದಲ್ಲಿ ಲಂಗರ್ ಎನ್ನುವ ಉಚಿತ ಊಟ ಯಾರಿಗಾದರೂ ಸಿಗುತ್ತದೆ, ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ. ಬೆಳಿಗ್ಗೆ ಚೌಬಾರಾ ಗೋಪುರದಿಂದ ಕೋಟೆ ಕಡೆ ನಡೆದರೆ ದಾರಿಯಲ್ಲೇ 1472ರ ಮಹಮೂದ್ ಗವಾನ್ ಮದರಸಾ. ಬಿದರಿ ಸಾಮಾನು ಕೊಳ್ಳುವ ಆಸೆ ಇದ್ದರೆ ಕೆಲಸ ನಡೆಯುವ ಅಂಗಡಿಗೇ ಹೋಗಿ, ಬೆಳ್ಳಿ ಕೂರಿಸುವುದನ್ನು ನೋಡಿ ಕೊಳ್ಳಿ. ಸೆಪ್ಟೆಂಬರಿನಲ್ಲಿ ಮಳೆ ಹೇಳಿಕೇಳಿ ಬರುವುದಿಲ್ಲ, ಕೊಡೆ ಇರಲಿ.

ವಾಪಸ್ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಸಭೆಯ ನಡಾವಳಿಯನ್ನು 30 ದಿನದೊಳಗೆ ಪುಸ್ತಕಕ್ಕೆ ಏರಿಸಬೇಕು, ಸದಸ್ಯರು ಅದನ್ನು ಕಚೇರಿಯಲ್ಲಿ ನೋಡಬಹುದು, ಶುಲ್ಕ ಕಟ್ಟಿ ನಕಲೂ ಪಡೆಯಬಹುದು. ತಿಂಗಳು ಕಳೆದ ಮೇಲೆ ನಾನು ತಮ್ಮನನ್ನು ಕಳಿಸಿ ಓದಿಸಿದೆ. ಮೀಟರಿನ ಮಾತು ಇತ್ತು, ಕಲ್ಲಿನ ಮಾತು ಇರಲಿಲ್ಲ. ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿ ಕಾಗದ ಬರೆದಿದ್ದೇನೆ.