ಆಮ್‌ಸ್ಟರ್‌ಡ್ಯಾಮ್ ದಿನಚರಿ: ಒಂದು ಕಾರ್ಡು, ನೂರಾರು ಸೇತುವೆ, ಅಟ್ಟದ ಮೇಲೊಂದು ಚರ್ಚು

ಮೇ 14, 2024, ಮಂಗಳವಾರ
ಆಮ್‌ಸ್ಟೆಲ್‌ವೀನ್, ತಮ್ಮನ ಮನೆ

ಕಾಲು ಎರಡೂ ಪದ ಹೇಳ್ತಿವೆ, ಚಿಕ್ಕಮ್ಮ ಆಗ್ಲೇ ಮಲಗಿದ್ರು, ಆದ್ರೆ ಇವತ್ತಿಂದು ಇವತ್ತೇ ಬರೀದಿದ್ರೆ ನಾಳೆ ಎಲ್ಲಾ ಕಲಸಿ ಹೋಗುತ್ತೆ ಅಂತ ಕೂತಿದೀನಿ. ತುಂಬಾ ಜನ ಮೆಸೇಜ್ ಮಾಡಿ ಕೇಳ್ತಿದಾರೆ, ಆ ಸಿಟಿ ಕಾರ್ಡ್ ತಗೊಂಡ್ರೆ ಲಾಭಾನಾ ಅಂತ, ಹಾಗಾಗಿ ಮೊದಲು ಅದನ್ನೇ ಹೇಳ್ಬಿಡ್ತೀನಿ.

ನಾವು ತಗೊಂಡಿದ್ದು ಐ ಆಮ್‌ಸ್ಟರ್‌ಡ್ಯಾಮ್ ಸಿಟಿ ಕಾರ್ಡ್, 72 ಗಂಟೆದು, ಒಬ್ಬರಿಗೆ 100 ಯುರೋ ಆಯ್ತು, ಅಂದ್ರೆ ಹತ್ರ ಹತ್ರ ಒಂಬತ್ತು ಸಾವಿರ ರೂಪಾಯಿ. ಊರೊಳಗಿನ ಟ್ರಾಮ್, ಮೆಟ್ರೋ, ಬಸ್ಸು, ಒಂದು ಕೆನಾಲ್ ಬೋಟ್, ಆಮೇಲೆ ಸುಮಾರು ಎಲ್ಲಾ ಮ್ಯೂಸಿಯಮ್ಮು ಇದ್ರಲ್ಲೇ ಬರುತ್ತೆ, ಒಂದೊಂದು ಜಾಗಕ್ಕೆ ಒಂದೊಂದು ಸಲ. ಗಮನಿಸಬೇಕಾದ್ದು ಏನಂದ್ರೆ ಇದು ದಿನದ ಲೆಕ್ಕ ಅಲ್ಲ, ಗಂಟೆ ಲೆಕ್ಕ. ನಿನ್ನೆ ಮಧ್ಯಾಹ್ನ ಶುರು ಮಾಡಿದ್ರಿಂದ ಗುರುವಾರ ಮಧ್ಯಾಹ್ನದ ತನಕ ನಡಿಯುತ್ತೆ. ಬೆಳಗ್ಗೆ ಬೆಳಗ್ಗೇನೇ ಶುರು ಮಾಡೋದಕ್ಕಿಂತ ಹೀಗೆ ಮಧ್ಯಾಹ್ನ ಶುರು ಮಾಡಿದ್ರೆ ಇನ್ನೊಂದು ಬೆಳಗ್ಗೆ ಸಿಗುತ್ತೆ ನೋಡಿ. ಏರ್‌ಪೋರ್ಟಿಂದ ಬರೋ ರೈಲು ಇದ್ರಲ್ಲಿ ಬರಲ್ಲ, ಗಾಳಿ ಗಿರಣಿ ನೋಡೋಕೆ ಝಾನ್ಸೆ ಸ್ಕಾನ್ಸ್‌ಗೆ ಹೋಗೋ ಬಸ್ಸೂ ಬರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ವ್ಯಾನ್ ಗೋ ಮ್ಯೂಸಿಯಂ ಇಲ್ಲ, ಆನ್ ಫ್ರಾಂಕ್ ಮನೆಯೂ ಇಲ್ಲ. ಆನ್ ಫ್ರಾಂಕ್ ಮನೆ ಟಿಕೆಟ್ ಆನ್‌ಲೈನಲ್ಲಿ ಮಾತ್ರ, ಆರು ವಾರ ಮುಂಚೆ ಮಂಗಳವಾರ ಬಿಡ್ತಾರೆ, ಬೇಗ ಖಾಲಿ ಆಗುತ್ತೆ. ಅದು ಬೇಕೇ ಬೇಕು ಅನ್ನೋರು ವಿಮಾನದ ಟಿಕೆಟ್ ಜೊತೆಗೇ ಅದನ್ನೂ ಯೋಚಿಸಿ.

ಇನ್ನು ಲಾಭದ ಪ್ರಶ್ನೆ. ರೈಕ್ಸ್‌ಮ್ಯೂಸಿಯಂ ಅನ್ನೋ ದೊಡ್ಡ ಕಲಾ ಮ್ಯೂಸಿಯಂ ಒಂದಕ್ಕೇ 2024ರಲ್ಲಿ 22.50 ಯುರೋ ಇತ್ತು, ಅದರ ಮೇಲೆ ಬೋಟು, ಟ್ರಾಮು, ಇನ್ನೆರಡು ಮೂರು ಮ್ಯೂಸಿಯಂ ಸೇರಿಸಿದ್ರೆ ದುಡ್ಡು ಹುಟ್ಟಿಬಿಡುತ್ತೆ, ಅದೇನು ದೊಡ್ಡ ಲೆಕ್ಕ ಅಲ್ಲ. ಆದ್ರೆ ನನಗೆ ಅನ್ಸಿದ್ದು, ದುಡ್ಡು ವಸೂಲಿ ಮಾಡೋಕೆ ಓಡಾಡೋರಿಗೆ ಈ ಕಾರ್ಡ್ ಒಂದು ಶಿಕ್ಷೆ. ನಿನ್ನೆ ಬೋಟಲ್ಲಿ ನಮ್ಮ ಪಕ್ಕ ಕೂತಿದ್ದ ಜೋಡಿ ಇಡೀ ಹೊತ್ತು ಫೋನಲ್ಲಿ ಮುಂದಿನದು ಯಾವ್ದು, ಎಷ್ಟು ಗಂಟೆಗೆ ಮುಚ್ತಾರೆ ಅಂತಾನೇ ನೋಡ್ತಾ ಇದ್ರು, ಹೊರಗೆ ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆ ಉದ್ದಕ್ಕೂ ಎಳೆ ಹಸಿರು ಮರಗಳ ನೆರಳು ನೀರಲ್ಲಿ ಬಿದ್ದಿತ್ತು, ತಲೆ ಎತ್ತಲಿಲ್ಲ. ಈ ಕಾರ್ಡಿನ ನಿಜವಾದ ಸುಖ ಬೇರೆ ಕಡೆ ಇದೆ. ನಾವಾಗೇ ದುಡ್ಡು ಕೊಟ್ಟು ಯಾವತ್ತೂ ಹೋಗದೇ ಇರೋ ಸಣ್ಣ ಬಾಗಿಲುಗಳ ಒಳಗೆ ಇದು ನಮ್ಮನ್ನ ಕರ್ಕೊಂಡು ಹೋಗುತ್ತೆ. ಅದನ್ನ ಕೆಳಗೆ ಹೇಳ್ತೀನಿ.

ಬೋಟ್ ಮಾತ್ರ ಮೊದಲು ಮಾಡಿ ಮುಗಿಸಿ. ಊರಿನ ನಕ್ಷೆ ತಲೇಲಿ ಕೂತ್ಕೊಳ್ಳುತ್ತೆ. ಹೆರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್, ಈ ಮೂರು ಕಾಲುವೆ ಹಳೇ ಊರನ್ನ ಅರ್ಧಚಂದ್ರದ ಹಾಗೆ ಸುತ್ತಿವೆ. 1613ರಲ್ಲಿ ಅಗಿಯೋಕೆ ಶುರು ಮಾಡಿದ್ದಂತೆ, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಂದಕ್ಕೆ ಅಂತ ಮಾಡಿದ್ದಲ್ಲ ಅವು, ಸಾಮಾನು ಸಾಗಿಸೋಕೆ, ಜೌಗು ನೆಲದ ನೀರು ಬಸಿಯೋಕೆ, ಹೆಚ್ತಾ ಇದ್ದ ಜನಕ್ಕೆ ಮನೆ ಕಟ್ಟೋಕೆ ಜಾಗ ಮಾಡ್ಕೊಳ್ಳೋಕೆ. ಮನೆಗಳ ನೆತ್ತಿ ನೋಡಿ, ಹೆಚ್ಚಿನವುಗಳಲ್ಲಿ ಒಂದು ತೊಲೆ ಹೊರಗೆ ಚಾಚಿ ಅದಕ್ಕೊಂದು ಕೊಕ್ಕೆ ಇರುತ್ತೆ. ಒಳಗಿನ ಮೆಟ್ಟಿಲು ಅಷ್ಟು ಕಿರಿದು, ಹಾಗಾಗಿ ಮೂಟೆ, ಪೆಟ್ಟಿಗೆ ಎಲ್ಲಾ ಹಗ್ಗ ಕಟ್ಟಿ ಹೊರಗಿಂದಲೇ ಎಳೆದು ಕಿಟಕಿಯೊಳಗೆ ತಗೋತಿದ್ರು. ಮನೆ ಸಾಮಾನು ಸಾಗಿಸುವಾಗ ಈಗ್ಲೂ ಹಾಗೇ ಮಾಡ್ತಾರೆ. ಎಷ್ಟೋ ಮನೆಗಳ ಮುಂಭಾಗ ಬೇಕಂತಲೇ ರಸ್ತೆ ಕಡೆ ಸ್ವಲ್ಪ ಬಾಗಿಸಿ ಕಟ್ಟಿದ್ದು, ಎಳೆಯುವಾಗ ಮೂಟೆ ಗೋಡೆಗೆ ಬಡೀಬಾರ್ದು ಅಂತ. ಅಕ್ಕಪಕ್ಕಕ್ಕೆ ವಾಲಿರೋದು ಮಾತ್ರ ಕೆಳಗಿನ ಮರದ ಕಂಬ ಕುಸಿದು.

ಹೌದು, ಮರದ ಕಂಬ. ಇಡೀ ಹಳೇ ಊರು ನಿಂತಿರೋದೇ ಮರದ ಮೇಲೆ. ಮೇಲಿನ ಕೊಳೆತ ಸೊಪ್ಪಿನಂಥ ಮಣ್ಣು, ಜೇಡಿ ಎಲ್ಲಾ ದಾಟಿ ಸುಮಾರು 12 ಮೀಟರ್ ಕೆಳಗಿರೋ ಮರಳಿನ ಪದರಕ್ಕೆ ಕಂಬ ಇಳಿಸಿ ಅದರ ಮೇಲೆ ಕಟ್ಟಡ. ಡ್ಯಾಮ್ ಚೌಕದ ಅರಮನೆ ಒಂದರ ಕೆಳಗೇ 13,659 ಕಂಬ ಇದೆಯಂತೆ. ಕೊಳೆಯಲ್ವಾ ಅಂತ ಚಿಕ್ಕಮ್ಮ ಕೇಳಿದ್ರು. ನೀರಿನ ಒಳಗೆ ಪೂರ್ತಿ ಮುಳುಗಿದ್ರೆ ಗಾಳಿ ತಾಗಲ್ಲ, ಶಿಲೀಂಧ್ರ ಹಿಡಿಯಲ್ಲ, ಮರ ನೂರಾರು ವರ್ಷ ಉಳಿಯುತ್ತೆ, ನೀರಿನ ಮಟ್ಟ ಇಳಿದು ಕಂಬದ ತಲೆ ಒಣಗಿದ್ರೆ ಮುಗೀತು. ಅದಕ್ಕೇ ಇಲ್ಲಿ ಕಾಲುವೆ ನೀರನ್ನ ಒಂದೇ ಮಟ್ಟದಲ್ಲಿ ಕಾಯ್ತಾರೆ, ಎತ್ತರ ಅಳೆಯೋಕೆ ಅವರು ಇಟ್ಕೊಂಡಿರೋ ಸೊನ್ನೆ ಗುರುತಿಗಿಂತ 40 ಸೆಂಟಿಮೀಟರ್ ಕೆಳಗೆ. ಇಷ್ಟೆಲ್ಲಾ ಕಾದ್ರೂ 2020ರಲ್ಲಿ ಗ್ರಿಮ್‌ಬರ್ಗ್‌ವಾಲ್ ಅನ್ನೋ ಕಡೆ ದಡದ ಗೋಡೆನೇ ಕುಸಿದು ನೀರಿಗೆ ಬಿದ್ದಿತ್ತು. ಊರೆಲ್ಲಾ ಅಲ್ಲಲ್ಲಿ ದಡ ಅಗೆದು ರಿಪೇರಿ ನಡೀತಿರೋದು ಅದಕ್ಕೇ, ಫೋಟೋ ಹಾಳಾಯ್ತು ಅಂತ ಬೈಬೇಡಿ.

ಇವತ್ತು ಬೆಳಗ್ಗೆ ಒಂಬತ್ತಕ್ಕೇ ರೈಕ್ಸ್‌ಮ್ಯೂಸಿಯಂ. ಕಾರ್ಡ್ ಇದ್ರೂ ಟೈಮ್ ಸ್ಲಾಟ್ ಮೊದಲೇ ಬುಕ್ ಮಾಡ್ಬೇಕು, ಮರೀಬೇಡಿ. ಬಾಗಿಲು ತೆಗೆದ ತಕ್ಷಣ ಎಲ್ಲರೂ ಎರಡನೇ ಮಹಡಿಗೆ, ಡಚ್ ಚಿತ್ರಕಾರ ರೆಂಬ್ರಾಂಟ್‌ನ ನೈಟ್ ವಾಚ್ ಚಿತ್ರದ ಕಡೆಗೆ ಓಡ್ತಾರೆ. ನಾವೂ ಹೋದ್ವಿ, ಗಾಜಿನ ಕೋಣೆ ಒಳಗಿದೆ ಈಗ, 2019ರಿಂದ ಅದರ ಪರೀಕ್ಷೆ, ದುರಸ್ತಿ ಎಲ್ಲಾ ಜನರ ಕಣ್ಣೆದುರೇ ನಡೀತಿದೆ. 1642ರ ಚಿತ್ರ. 1715ರಲ್ಲಿ ಟೌನ್ ಹಾಲ್‌ಗೆ ಸಾಗಿಸುವಾಗ ಗೋಡೆಗೆ ಹಿಡಿಸಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿಬಿಟ್ರಂತೆ! ಆ ಟೌನ್ ಹಾಲೇ ಈಗಿನ ಅರಮನೆ. ಕೇಳಿ ಹೊಟ್ಟೆ ಉರೀತು.

ಅಲ್ಲಿಂದ ಏಷ್ಯಾ ವಿಭಾಗಕ್ಕೆ ಇಳಿದ್ರೆ ಹೆಚ್ಚು ಜನಾನೇ ಇಲ್ಲ. ಸುತ್ತ ನೀರು, ಮಧ್ಯೆ ಒಂದು ಸಣ್ಣ ಕಟ್ಟಡ, ಒಳಗೆ ತಮಿಳುನಾಡಿನ ನಟರಾಜ, 12ನೇ ಶತಮಾನದ್ದು, ಒಂದೂವರೆ ಮೀಟರಿಗಿಂತ ಎತ್ತರ. ಒಳಗೆ ಟೊಳ್ಳಾ ಗಟ್ಟಿಯಾ ನೋಡೋಕೆ ಮಾಮೂಲಿ ಎಕ್ಸ್‌ರೇ ಸಾಲದೆ, ರಾಟರ್‌ಡ್ಯಾಮ್ ಬಂದರಲ್ಲಿ ಕಂಟೇನರ್ ಸ್ಕ್ಯಾನ್ ಮಾಡೋ ಯಂತ್ರದ ಕೆಳಗೆ ಲಾರಿ ಸಮೇತ ಇಟ್ಟು ನೋಡಿದ್ರಂತೆ, ಪೂರ್ತಿ ಗಟ್ಟಿ ಎರಕ. ಮೆರವಣಿಗೆಗೆ ಹೊತ್ಕೊಂಡು ಹೋಗ್ತಿದ್ದ ಉತ್ಸವಮೂರ್ತಿ ಅದು, ಹೊತ್ತವರ ಹೆಗಲು ಹೇಗಿದ್ದಿರಬೇಕು! ಚಿಕ್ಕಮ್ಮ ಕೈ ಮುಗಿದು ತುಂಬಾ ಹೊತ್ತು ನಿಂತ್ರು. ಆಮೇಲೆ "ಇವ್ನಿಗೆ ಇಲ್ಲಿ ಒಂದು ಹೂವೂ ಇಲ್ಲ ಕಾಣು" ಅಂದ್ರು, ನನಗೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ.

ಮೆಟ್ರೋಲಿ ರೋಕಿನ್ ಸ್ಟೇಷನ್ನಲ್ಲಿ ಇಳಿದ್ರೆ ಎಸ್ಕಲೇಟರ್ ಮಧ್ಯದ ಗಾಜಿನ ಪೆಟ್ಟಿಗೆ ನೋಡದೆ ಮೇಲೆ ಬರಬೇಡಿ. 2018ರಲ್ಲಿ ಶುರುವಾದ ಈ ಲೈನ್‌ಗೆ ಅಗೆಯುವಾಗ ಆಮ್‌ಸ್ಟೆಲ್ ನದಿ ಪಾತ್ರದಲ್ಲಿ ಸಿಕ್ಕಿದ್ದೆಲ್ಲಾ ಜೋಡಿಸಿಟ್ಟಿದಾರೆ. ಬೀಗದ ಕೈ, ನಾಣ್ಯ, ಬಾಚಣಿಗೆ, ಮಡಕೆ ಚೂರು, ಹಲ್ಲಿನ ಸೆಟ್ಟು, ಹಳೇ ಮೊಬೈಲು. ಊರಿನ ಜನ ನೀರಿಗೆ ಬೀಳಿಸ್ಕೊಂಡಿದ್ದು, ಎಸೆದಿದ್ದು. ಅರಮನೆ ಒಡವೆಗಿಂತ ಇಂಥದು ನನಗೆ ಇಷ್ಟ.

ಈಗ ಆ ಸಣ್ಣ ಬಾಗಿಲು. ಔದೆಜೈಡ್ಸ್ ಫೋರ್‌ಬರ್ಗ್‌ವಾಲ್ ಅನ್ನೋ ಕಾಲುವೆ ಪಕ್ಕ, ಕೆಂಪು ದೀಪದ ಬೀದಿಗಳ ನಡುವೆನೇ, ಎಲ್ಲಾ ಮನೆ ಹಾಗೇ ಇರೋ ಒಂದು ಮನೆ. ಈಗದು ಮ್ಯೂಸಿಯಂ, ಹೆಸರು ಓನ್ಸ್ ಲೀವೆ ಹೀರ್ ಓಪ್ ಸೊಲ್ಡರ್. ಕಾರ್ಡ್ ಇದೆಯಲ್ಲ ಅಂತ ಹೊಕ್ಕಿದ್ದು, ಇಲ್ದಿದ್ರೆ ಖಂಡಿತ ಮುಂದೆ ಹೋಗ್ತಿದ್ವಿ. ಕೆಳಗೆ 17ನೇ ಶತಮಾನದ ಸಾಹುಕಾರರ ಹಜಾರ, ಅಲ್ಲೇ ಗೋಡೆಯೊಳಗಿನ ಕಪಾಟಿನಂಥ ಮಂಚ, ಆಮೇಲೆ ಮೆಟ್ಟಿಲು, ಮೆಟ್ಟಿಲು, ಇನ್ನೂ ಮೆಟ್ಟಿಲು, "ಇದ್ ಎಂತ ಮೆಟ್ಲ್ ಮಾರಾಯ್ತಿ" ಅಂತ ಚಿಕ್ಕಮ್ಮ ಕಂಬಿ ಹಿಡ್ಕೊಂಡು ಏದುಸಿರು ಬಿಡ್ತಾ ಹತ್ತಿದ್ರು, ಮಂಡಿ ನೋವಿರೋರಿಗೆ ಕಷ್ಟ ಖಂಡಿತ. ಕೊನೇ ಮೆಟ್ಟಿಲು ಹತ್ತಿ ತಲೆ ಎತ್ತಿದ್ರೆ ಅಟ್ಟದ ಮೇಲೆ ಒಂದು ಇಡೀ ಚರ್ಚು! ಮುಂದಿನ ಮನೆ, ಅದರ ಹಿಂದಿನ ಎರಡು ಮನೆ, ಮೂರರ ಮೇಲ್ಮಹಡಿ ಸೇರಿಸಿ, ನಡುವೆ ನೆಲ ಕತ್ತರಿಸಿ ತೆಗೆದು, ಎರಡು ಸಾಲು ಗ್ಯಾಲರಿ ಮಾಡಿ ಅದನ್ನ ಮೇಲಿನ ಚಾವಣಿಗೆ ಕಬ್ಬಿಣದ ಸರಳಲ್ಲಿ ಬಿಗಿದಿದಾರೆ. ಮಾಸಿದ ಗುಲಾಬಿ ಬಣ್ಣ, ಎದುರಿಗೆ ಬಲಿಪೀಠ, ಅದರ ಎಡಗಡೆ ಕಂಬದ ಬುಡದೊಳಗೆ ಪಾದ್ರಿ ನಿಂತು ಮಾತಾಡೋ ಪೀಠನೇ ಮಡಚಿ ಅಡಗಿಸಿಟ್ಟಿದೆ, ಬೇಕಾದಾಗ ತಿರುಗಿಸಿ ಹೊರಗೆ ಎಳ್ಕೊಳ್ಳೋದು. ಜಾಗ ಇಲ್ಲದ ಕಡೆ ಎಷ್ಟು ತಲೆ ಓಡಿಸಿದಾರೆ!

ಯಾಕೆ ಅಟ್ಟದಲ್ಲಿ ಅಂದ್ರೆ, 1578ರಲ್ಲಿ ಊರು ಪ್ರಾಟೆಸ್ಟೆಂಟರ ಕೈಗೆ ಹೋದ ಮೇಲೆ ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಮಾಡೋ ಹಾಗಿರ್ಲಿಲ್ಲ. ಯಾನ್ ಹಾರ್ಟ್‌ಮನ್ ಅನ್ನೋ ವ್ಯಾಪಾರಿ 1661ರಲ್ಲಿ ಈ ಮನೆ ಕೊಂಡು 1663ರ ಹೊತ್ತಿಗೆ ಈ ಚರ್ಚು ಮಾಡಿಸ್ದ. ಗುಟ್ಟು ಅಂತೀವಿ, ಆದ್ರೆ ಅಷ್ಟು ಜನ ಭಾನುವಾರ ಒಂದೇ ಮನೆಗೆ ಹೋಗಿ ಬರೋದು ಬೀದಿಯವರಿಗೆ ಗೊತ್ತಿರಲ್ವಾ, ಅಧಿಕಾರಿಗಳಿಗೂ ಗೊತ್ತಿತ್ತು. ಹೊರಗಿಂದ ಕಾಣದಿದ್ರೆ ಸರಿ ಅಂತ ಸುಮ್ಮನಿದ್ರು. ಅದು ಸಹನೆ ಹೌದು, ಅವಮಾನವೂ ಹೌದು, ಅಲ್ಲಿ ಬೆಂಚಿನ ಮೇಲೆ ಕೂತಾಗ ನನಗೆ ಎರಡೂ ಅನಿಸ್ತು.

ಚಿಕ್ಕಮ್ಮ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದೋರು, ಬಸ್ರೂರಿನವರು. 1663 ಅಂತ ಕೇಳಿದ್ದೇ ಅವರ ಮುಖ ನೋಡ್ಬೇಕಿತ್ತು. "ಅದೇ ವರ್ಷ ಅಲ್ದಾ ಇವ್ರು ಕೊಚ್ಚಿ ಹಿಡಿದದ್ದು!" ಅಂದ್ರು. ಹೌದು, ಅದೇ ವರ್ಷ ಡಚ್ ಈಸ್ಟ್ ಇಂಡಿಯಾ ಕಂಪನಿ ಪೋರ್ಚುಗೀಸರಿಂದ ಕೊಚ್ಚಿ ಕಿತ್ಕೊಂಡು, ಅಲ್ಲಿನ ಕ್ಯಾಥೊಲಿಕ್ ಚರ್ಚುಗಳನ್ನ ಕೆಡವಿ, ಸೇಂಟ್ ಫ್ರಾನ್ಸಿಸ್ ಚರ್ಚನ್ನ ತಮ್ಮದು ಮಾಡ್ಕೊಂಡಿದ್ದು. ಕೆಳದಿ ನಾಯಕರ ಜೊತೆ ಒಪ್ಪಂದ ಮಾಡ್ಕೊಂಡು ಬಸ್ರೂರಲ್ಲೂ ವ್ಯಾಪಾರದ ಕೋಠಿ ಇಟ್ಟು ನಮ್ಮ ಕರಾವಳಿಯ ಅಕ್ಕಿ, ಕಾಳುಮೆಣಸು ತುಂಬಿಸ್ತಿದ್ರು. ಚಿಕ್ಕಮ್ಮ ಕಿಟಕಿಯಿಂದ ಎದುರಿನ ಮನೆಗಳ ಕೊಕ್ಕೆ ನೋಡ್ತಾ, ನಮ್ಮ ಕಡೆ ಮೆಣಸೂ ಇಂಥದ್ದರಲ್ಲೇ ಮೇಲೆ ಹೋಗಿರ್ಬೇಕು ಅಂದ್ರು. ಈ ಊರಿನ ಚಂದ ಎಲ್ಲಿಂದ ಬಂದ ದುಡ್ಡಲ್ಲಿ ಕಟ್ಟಿದ್ದು ಅನ್ನೋದು ಮರೆತು ನೋಡೋಕೆ ನನಗೆ ಮನಸ್ಸಿಲ್ಲ, ಹಾಗಂತ ಚಂದ ಅಲ್ಲ ಅನ್ನೋಕೂ ಆಗಲ್ಲ.

ಅಲ್ಲಿಂದ ನಡ್ಕೊಂಡೇ ರೆಂಬ್ರಾಂಟ್ ಮನೆಗೆ. 1639ರಲ್ಲಿ 13,000 ಗಿಲ್ಡರ್‌ಗೆ (ಆಗಿನ ಡಚ್ ನಾಣ್ಯ) ಕೊಂಡ ಮನೆ, ಸಾಲ ತೀರಿಸೋಕಾಗದೆ 1656ರಲ್ಲಿ ದಿವಾಳಿ. ಆಗ ಮನೇಲಿದ್ದ ಸಾಮಾನನ್ನೆಲ್ಲಾ ಅಧಿಕಾರಿಗಳು ಪಟ್ಟಿ ಮಾಡಿದ್ರು, ಆ ಪಟ್ಟಿ ಇಟ್ಕೊಂಡೇ ಈಗ ಕೋಣೆಗಳನ್ನ ಮತ್ತೆ ಜೋಡಿಸಿರೋದು. ರೆಂಬ್ರಾಂಟ್ ನಮ್ಮ ಮೊಘಲ್ ಚಿತ್ರಗಳನ್ನ ನೋಡಿ ನೋಡಿ ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಉಳಿದಿವೆ, ಬೇರೆ ಬೇರೆ ದೇಶದ ಮ್ಯೂಸಿಯಮ್ಮುಗಳಲ್ಲಿ. ಷಹಜಹಾನ್‌ನನ್ನೂ ಬರೆದಿದಾನೆ, ಈ ಊರಲ್ಲೇ ಕೂತು. ಮೇಲಿನ ಸ್ಟುಡಿಯೋದಲ್ಲಿ ಉತ್ತರದ ಬೆಳಕು ಬೀಳೋ ದೊಡ್ಡ ಕಿಟಕಿ ಹತ್ರ ಸುಮ್ನೆ ನಿಂತ್ಕೊಳ್ಳಿ, ಅವನ ಚಿತ್ರಗಳ ಬೆಳಕು ಎಂಥದು ಅಂತ ಆಗ ಗೊತ್ತಾಗುತ್ತೆ.

ಸಂಜೆ ಆಮ್‌ಸ್ಟೆಲ್ ದಡದಲ್ಲಿ, ಕಾರೆ ಥಿಯೇಟರ್ ಎದುರು ಕೂತು ಮನೆಯಿಂದ ತಂದ ಚಪಾತಿ ಪಲ್ಯ ತಿಂದ್ವಿ. ಅಲ್ಲೇ ಆಮ್‌ಸ್ಟೆಲ್ ತೂಬು, 1673ರದ್ದು. ಕಾಲುವೆ ನೀರು ನಿಂತು ನಾರದ ಹಾಗೆ ರಾತ್ರಿ ಹೊತ್ತು ಊರಿನ ತೂಬುಗಳ ಬಾಗಿಲು ಮುಚ್ಚಿ ಹೊಸ ನೀರು ಹಾಯಿಸ್ತಾರೆ, ಹಳೇದು ಹೊರಗೆ ಹೋಗುತ್ತೆ. ಇದಕ್ಕೆ ಯಾವ ಕಾರ್ಡೂ ಬೇಡ. ಸೆಂಟ್ರಲ್ ರೈಲ್ವೆ ಸ್ಟೇಷನ್ ಹಿಂದಿನ ಫೆರಿಗೂ ಬೇಡ, ಅದು ಎಲ್ಲರಿಗೂ ಫ್ರೀ.

ನಾಳೆ ಕಡಲ ಮ್ಯೂಸಿಯಂ. 1749ರಲ್ಲಿ ಮೊದಲನೇ ಯಾನದಲ್ಲೇ ಇಂಗ್ಲೆಂಡ್ ದಡದಲ್ಲಿ ಹೂತುಹೋದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆಮ್‌ಸ್ಟರ್‌ಡ್ಯಾಮ್ ಅನ್ನೋ ಹಡಗಿನ ನಕಲು ಅಲ್ಲಿ ನಿಂತಿದೆ, ಒಳಗೆ ಇಳಿದು ಸರಕಿನ ಕೋಣೆ ತನಕ ನೋಡಬಹುದು. ಚಿಕ್ಕಮ್ಮ ಅದಕ್ಕೇ ಬೇಗ ಮಲಗಿದ್ದು, ಮೆಣಸಿನ ಮೂಟೆ ಎಲ್ಲಿ ಇಡ್ತಿದ್ರು ಕಾಣ್ಬೇಕಂತೆ. ನಾಳೆ ಬೇರೆ ಏನೂ ಇಟ್ಕೊಂಡಿಲ್ಲ, ಅದೊಂದೇ.