ಸರ್ಫ್‌ಸ್ಕೇಟ್ ಕೊಳ್ಳುವಾಗ ಹಲಗೆ ಆಮೇಲೆ, ಮೊದಲು ಟ್ರಕ್: ಬೆಳಗಾವಿಯ ರಸ್ತೆಗೆ ಒಗ್ಗುವ ಬೋರ್ಡ್

ಸರ್ಫ್‌ಸ್ಕೇಟ್, ಅಂದರೆ ಕಡಲ ಅಲೆಯ ಮೇಲೆ ಸರ್ಫ್ ಮಾಡಿದ ಹಾಗೆ ನೆಲದ ಮೇಲೆ ತಿರುಗುವ ಸ್ಕೇಟ್‌ಬೋರ್ಡ್, ತಗೊಳ್ಳಬೇಕು ಅಂತ ಹೊರಟವರು ಮೊದಲು ನೋಡುವುದು ಹಲಗೆಯ ಮೇಲಿನ ಚಿತ್ರ, ಆಮೇಲೆ ಉದ್ದ, ಕೊನೆಗೆ ಬೆಲೆ. ಮುಂದಿನ ಟ್ರಕ್ (ಹಲಗೆಯ ಕೆಳಗೆ ಗಾಲಿಗಳನ್ನು ಹಿಡಿದು ತಿರುಗಿಸುವ ಲೋಹದ ಭಾಗ) ಯಾವುದು ಎಂದು ಕೇಳುವವರು ಕಡಿಮೆ. ಆದರೆ ಈ ಬೋರ್ಡನ್ನು ಮಾಮೂಲಿ ಸ್ಕೇಟ್‌ಬೋರ್ಡಿನಿಂದ ಬೇರೆ ಮಾಡುವುದು ಅದೊಂದೇ. ಹಿಂದಿನದು ಹೆಚ್ಚುಕಡಿಮೆ ಸಾದಾ ಟ್ರಕ್. ಮುಂದಿನದು ಮಾತ್ರ ನೀವು ವಾಲಿದ ಕಡೆಗೆ ತೀರಾ ಆಳವಾಗಿ ತಿರುಗುತ್ತದೆ. ಹಿಂದಿನ ಗಾಲಿಗಳು ನೆಲ ಕಚ್ಚಿ ನಿಲ್ಲುತ್ತವೆ, ಮೂತಿ ಎಡಕ್ಕೂ ಬಲಕ್ಕೂ ಬೀಸುತ್ತದೆ. ಕಾಲನ್ನು ನೆಲಕ್ಕೆ ಊರದೆ, ಮಂಡಿ, ಸೊಂಟ, ಭುಜಗಳ ಬಲದಿಂದಲೇ ಮುಂದಕ್ಕೆ ಸಾಗಲು ಆಗುವುದು ಇದರಿಂದ. ಇದನ್ನೇ ಪಂಪ್ ಮಾಡುವುದು ಅನ್ನುತ್ತಾರೆ.

ಅಲೆಯ ಅಭ್ಯಾಸಕ್ಕೂ ಊರಲ್ಲಿ ಅಡ್ಡಾಡುವುದಕ್ಕೂ ಒಂದೇ ಬೋರ್ಡ್ ಸಾಕೇ? ಸಾಕು. ಆದರೆ ಎರಡರಲ್ಲಿ ಒಂದಕ್ಕೆ ತುಸು ಬಿಟ್ಟುಕೊಡಬೇಕು. ಅಭ್ಯಾಸಕ್ಕೆ ಮುಂದಿನ ಟ್ರಕ್ ಸಡಿಲ ಇದ್ದಷ್ಟು ಚೆಂದ. ರಸ್ತೆಯಲ್ಲಿ ಕಾಲಿಂದ ತಳ್ಳಿಕೊಂಡು ಹೋಗುವಾಗ ಅದೇ ಸಡಿಲತನ ಕಾಟ ಕೊಡುತ್ತದೆ. ಕಡಲ ಪಕ್ಕದಲ್ಲಿ ಇರುವವರು ಅಭ್ಯಾಸದ ಕಡೆಗೇ ವಾಲಲಿ. ಬೆಳಗಾವಿಯ ಲೆಕ್ಕ ಬೇರೆ. ಚೋರ್ಲಾ ಘಾಟ್ ಇಳಿದು ಪಣಜಿ ಸುಮಾರು 120 ಕಿ.ಮೀ., ಮೂರು ತಾಸಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲಿಗೆ ಕಲಿಯುವವರು ಇಳಿಯುವ ಹಾಗಿಲ್ಲ. ಗೋವಾದ ಆರಂಬೋಲ್, ಅಶ್ವೆಂ ಕಡೆ ಹೋಗಿ ಅಲೆ ಹಿಡಿಯುವ ದಿನಗಳು ವರ್ಷಕ್ಕೆ ಬೆರಳೆಣಿಕೆ. ಉಳಿದ ದಿನಗಳಿಗೆ ಕ್ಯಾಂಪಿನ ಮರಗಳ ಕೆಳಗಿನ ಡಾಂಬರು ರಸ್ತೆ, ಟಿಳಕವಾಡಿಯ ಒಳರಸ್ತೆ, ಇಷ್ಟೇ. ಹಾಗಾಗಿ ನಮ್ಮ ಊರಿನವರಿಗೆ ಹೇಳುವುದು ಒಂದೇ ಮಾತು: ಸಡಿಲ ಟ್ರಕ್ಕಿನ ಆಸೆಯನ್ನು ಅರ್ಧ ಬಿಡಿ, ವೀಲ್‌ಬೇಸ್ (ಎರಡು ಟ್ರಕ್ಕುಗಳ ನಡುವಿನ ಅಂತರ) ಅರ್ಧ ಇಂಚು ಹೆಚ್ಚಿಗೆ ತಗೊಳ್ಳಿ, ಗಾಲಿ ದೊಡ್ಡದು, ಮೆತ್ತನೆಯದು ಇರಲಿ.

ಈ ಬಗೆಯ ಬೋರ್ಡುಗಳಿಗೆ ಹೆಸರು ತಂದುಕೊಟ್ಟದ್ದು ಕಾರ್ವರ್. 1990ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಶುರುವಾದ ಕಂಪನಿ. ಅದರ ಸಿ7 ಟ್ರಕ್ಕಿನಲ್ಲಿ ತಿರುಗುವ ತೋಳು, ಅದನ್ನು ಮರಳಿ ನಡುವಿಗೆ ಎಳೆಯುವ ಸ್ಪ್ರಿಂಗ್ ಇವೆ. ತೋಳು ಒಂದು ಕಡೆ, ಬುಶಿಂಗ್ (ವಾಲಿದಾಗ ಒತ್ತಿ ಮರಳುವ, ರಬ್ಬರಿನಂಥ ಬಳೆ) ಇನ್ನೊಂದು ಕಡೆ, ಎರಡೂ ಸೇರಿ ಕೆಲಸ ಮಾಡುವುದರಿಂದ ತಿರುವು ಅಲೆಯ ಮೇಲಿನದಕ್ಕೆ ಹತ್ತಿರ. ಭಾರ ಹೆಚ್ಚು, ಎತ್ತರ ಹೆಚ್ಚು, ಆಗಾಗ ಗ್ರೀಸ್ ಕೇಳುತ್ತದೆ. ಅದೇ ಕಂಪನಿಯ ಸಿಎಕ್ಸ್‌ನಲ್ಲಿ ಸ್ಪ್ರಿಂಗ್ ಇಲ್ಲ. ಟ್ರಕ್ಕಿನ ಕೋನ ಮತ್ತು ಬುಶಿಂಗ್‌ಗಳೇ ಎಲ್ಲ ಮಾಡುತ್ತವೆ. ಹಗುರ, ಚುರುಕು, ಕಾಲಿಂದ ತಳ್ಳಿದರೂ ಸುಮಾರಾಗಿ ನೆಟ್ಟಗೆ ಹೋಗುತ್ತದೆ, ಕೆಡುವ ಭಾಗ ಕಡಿಮೆ. ಸಿ5 ಇನ್ನೂ ತಗ್ಗು, ಸಾದಾ ಸ್ಕೇಟ್‌ಬೋರ್ಡಿಗೆ ಹತ್ತಿರದ್ದು. ಸ್ಕೇಟ್ ಪಾರ್ಕಿನ ಇಳಿಜಾರುಗಳಲ್ಲಿ ಆಡುವವರಿಗೆ. ಸ್ಪೇನ್‌ನ ಯೌ, ಆಸ್ಟ್ರೇಲಿಯಾದ ಸ್ಮೂತ್‌ಸ್ಟಾರ್ ಎರಡೂ ಸ್ಪ್ರಿಂಗ್ ಬಳಗದವು, ಸಿ7ಗಿಂತ ಇನ್ನೂ ಸಡಿಲ; ಬ್ರೆಜಿಲ್‌ನ ಸರ್ಫರ್ ಫಿಲಿಪೆ ಟೊಲೆಡೊ ಹೆಸರಿನಲ್ಲೇ ಸ್ಮೂತ್‌ಸ್ಟಾರ್ ಬೋರ್ಡ್ ಇದೆ. ಸ್ವೆಲ್‌ಟೆಕ್‌ನ ಮುಂದಿನ ಟ್ರಕ್ ಪೂರ್ತಿ ಸುತ್ತು ತಿರುಗುತ್ತದೆ. ಅದನ್ನು ಹಿಡಿದು ಊರಲ್ಲಿ ಸಾಮಾನು ತರಲು ಹೋಗುವ ಯೋಚನೆ ಬೇಡ.

ಬೆಳಗಾವಿಯಲ್ಲಿ ಒಂದೇ ಬೋರ್ಡ್ ಇಟ್ಟುಕೊಳ್ಳುವವರಿಗೆ ಸಿಎಕ್ಸ್ ಅಥವಾ ಅದೇ ಬಗೆಯ, ಸ್ಪ್ರಿಂಗ್ ಇಲ್ಲದ ಟ್ರಕ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಮನೆಯಲ್ಲಿ ಈಗಾಗಲೇ ಹಳೆಯ ಲಾಂಗ್‌ಬೋರ್ಡ್ ಇದ್ದರೆ ಹೊಸದು ಕೊಳ್ಳುವ ಮುಂಚೆ ವಾಟರ್‌ಬೋರ್ನ್ ಅಡಾಪ್ಟರ್ ಬಗ್ಗೆ ಯೋಚಿಸಿ. ಹಲಗೆಗೂ ಮುಂದಿನ ಟ್ರಕ್ಕಿಗೂ ನಡುವೆ ಬೋಲ್ಟ್ ಹಾಕಿ ಕೂಡಿಸುವ ತಿರುಗುವ ತುಂಡು ಅದು. ಮುಂಭಾಗ ಎತ್ತರವಾಗುವುದರಿಂದ ಹಿಂದಿನ ಟ್ರಕ್ಕಿಗೂ ಹಲಗೆಗೂ ನಡುವೆ ಅಷ್ಟೇ ಎತ್ತರದ ರೈಸರ್ (ಎತ್ತರಿಸುವ ಬಿಲ್ಲೆ) ಕೂಡಿಸಬೇಕು. ಇಲ್ಲದಿದ್ದರೆ ಭಾರವೆಲ್ಲ ಹಿಂಗಾಲಿಗೆ ಬಿದ್ದು ಪಂಪ್ ಹತ್ತುವುದೇ ಇಲ್ಲ.

ಇನ್ನು ವೀಲ್‌ಬೇಸ್. ಹಲಗೆಯ ಒಟ್ಟು ಉದ್ದಕ್ಕಿಂತ ಮುಖ್ಯವಾದದ್ದು ಇದು. ಮುಂದಿನ ಟ್ರಕ್ಕಿನ ಒಳಗಡೆಯ ಬೋಲ್ಟ್ ರಂಧ್ರದಿಂದ ಹಿಂದಿನ ಟ್ರಕ್ಕಿನ ಒಳಗಡೆಯ ರಂಧ್ರದವರೆಗಿನ ಅಂತರ. ನಿಮಗೆ ಎಷ್ಟು ಬೇಕು ಅಂತ ತಿಳಿಯಲು ಅಂಗಡಿಗೆ ಹೋಗುವ ಅಗತ್ಯ ಇಲ್ಲ. ಬರಿಗಾಲಲ್ಲಿ ನೆಲದ ಮೇಲೆ ಸರ್ಫ್ ಮಾಡುವ ಭಂಗಿಯಲ್ಲಿ ನಿಲ್ಲಿ: ಮಂಡಿ ಬಾಗಿರಲಿ, ಬೆನ್ನು ನೆಟ್ಟಗಿರಲಿ, ಪಾದಗಳ ನಡುವಿನ ಜಾಗ ಭುಜದ ಅಗಲಕ್ಕಿಂತ ತುಸು ಹೆಚ್ಚಿರಲಿ. ಒಂದೊಂದು ಪಾದದ ನಟ್ಟನಡುವಿಗೂ ಸೀಮೆಸುಣ್ಣದಿಂದ ಗುರುತು ಹಾಕಿ, ಎರಡು ಗುರುತುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯಿರಿ. 20 ಇಂಚು ಬಂತು ಅನ್ನಿ. ಪಾದಗಳು ಟ್ರಕ್ಕುಗಳ ನಡುವಿನ ಮೇಲೆ ಕೂರಬೇಕು. ಈಗಿನ ಟ್ರಕ್ಕಿನ ತಳದಲ್ಲಿ ಬೋಲ್ಟ್ ರಂಧ್ರಗಳು ಉದ್ದಕ್ಕೆ 2⅛ ಇಂಚು ಅಂತರದಲ್ಲಿರುತ್ತವೆ. ಎರಡು ಟ್ರಕ್ಕಿನ ಅರ್ಧರ್ಧ ಸೇರಿ ಅಷ್ಟೇ ಕಳೆದರೆ ಉಳಿಯುವುದು ಸುಮಾರು 17.9. ಅಂದರೆ 17.5ರಿಂದ 18.5 ಇಂಚಿನ ವೀಲ್‌ಬೇಸ್ ನಿಮ್ಮದು.

ಎತ್ತರದ ಲೆಕ್ಕದಲ್ಲಿ ಹೇಳುವುದಾದರೆ 160 ಸೆಂ.ಮೀ. ಒಳಗಿನವರಿಗೆ 15ರಿಂದ 17, ಅಲ್ಲಿಂದ 175ರವರೆಗೆ 16.5ರಿಂದ 18, ಆರಡಿಯ ಆಸುಪಾಸಿನವರಿಗೆ 18ರಿಂದ 20 ಇಂಚು. ಇದು ಅಂದಾಜು, ನಿಮ್ಮ ಸೀಮೆಸುಣ್ಣದ ಗುರುತೇ ಪ್ರಮಾಣ. ತೀರಾ ಚಿಕ್ಕ ವೀಲ್‌ಬೇಸ್ ಸಿಕ್ಕಿದರೆ ಪಾದ ಒಂದಕ್ಕೊಂದು ಹತ್ತಿರ ಬಂದು, ಮಂಡಿ ಬಗ್ಗದೆ, ಸೊಂಟ ಮಾತ್ರ ಆಡುವ ಚಾಳಿ ಬೀಳುತ್ತದೆ. ತೀರಾ ದೊಡ್ಡದಾದರೆ ಸಣ್ಣ ಗಲ್ಲಿಯಲ್ಲಿ ತಿರುವು ಮುಗಿಯುವುದರೊಳಗೆ ಗೋಡೆ ಬಂದಿರುತ್ತದೆ. ಮಗನಿಗೂ ಅಪ್ಪನಿಗೂ ಸೇರಿ ಒಂದೇ ಬೋರ್ಡ್ ಅನ್ನುವ ಉಳಿತಾಯ ಇಲ್ಲಿ ನಡೆಯುವುದಿಲ್ಲ.

ಹಲಗೆ ಏಳು ಪದರದ ಮೇಪಲ್ ಆಗಿರಲಿ, ಅಗಲ 9.5ರಿಂದ 10 ಇಂಚು. ಪಾದ 9ನೇ ನಂಬರಿಗಿಂತ ದೊಡ್ಡದಿದ್ದರೆ 10ರ ಕಡೆಗೆ ಹೋಗಿ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಗಾಲಿಯ ವಿಷಯಕ್ಕೆ ಬಂದರೆ ಊರಿನ ರಸ್ತೆಯನ್ನು ನೋಡಿಯೇ ತೀರ್ಮಾನಿಸಬೇಕು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಬೆಳಗಾವಿ ಬಂತು, ಆಮೇಲೆ ಕಾಂಕ್ರೀಟ್ ರಸ್ತೆಗಳೂ ಬಂದವು. ಕಾಂಕ್ರೀಟ್ ಚೆನ್ನಾಗಿ ಉರುಳುತ್ತದೆ, ಆದರೆ ಮೇಲೆ ಎಳೆದ ಅಡ್ಡಗೆರೆ ಪಾದಕ್ಕೆ ಜುಮುಗುಟ್ಟುತ್ತದೆ, ತುಂಡುತುಂಡಿನ ನಡುವಿನ ಸೀಳು ಸಣ್ಣ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಮಳೆ ಬಂದು ಹೋದ ಮೇಲೆ ರಸ್ತೆಯಂಚಿಗೆ ಕೆಂಪು ಜಂಬಿಟ್ಟಿಗೆಯ ಹರಳು ಬಂದು ಕೂರುತ್ತದೆ. ಶೇಂಗಾ ಕಾಳಿನಷ್ಟು ಹರಳು ಸಾಕು: ಗಟ್ಟಿ ಗಾಲಿ ಅದರ ಮೇಲೆ ಹತ್ತದೆ ಅಲ್ಲೇ ನಿಲ್ಲುತ್ತದೆ, ಬೋರ್ಡ್ ನಿಂತರೂ ನೀವು ನಿಲ್ಲುವುದಿಲ್ಲ. ಆದ್ದರಿಂದ 69-70 ಮಿ.ಮೀ. ವ್ಯಾಸ, 78ಎ ಗಡಸುತನ (ಅಂಕಿ ಕಡಿಮೆಯಾದಷ್ಟೂ ಗಾಲಿ ಮೆತ್ತಗೆ). 65 ಮಿ.ಮೀ., 82ಎ ಗಾಲಿ ಸ್ಕೇಟಿಂಗ್ ರಿಂಕಿನ ನುಣುಪು ನೆಲಕ್ಕೆ ಸರಿ, ಹೊರಗೆ ಬೇಡ. ಪಾದಚಾರಿ ಮಾರ್ಗದ ಪೇವರ್ ಇಟ್ಟಿಗೆ ಮೇಲೆ ಯಾವ ಗಾಲಿಯೂ ಸುಖವಿಲ್ಲ.

ಅಗ್ಗದ ಬೋರ್ಡುಗಳಲ್ಲಿ ಪಾಲಿಯುರೆಥೇನ್ ಬದಲು ಪ್ಲಾಸ್ಟಿಕ್ ಗಾಲಿ ಬರುವುದುಂಟು. ಉಗುರಿಂದ ಒತ್ತಿ ನೋಡಿ, ಒಳ್ಳೆಯ ಗಾಲಿ ತುಸು ಬಗ್ಗಿ ತಕ್ಷಣ ಮರಳುತ್ತದೆ. ಬಿಡಿ ಗಾಲಿ ಸಿಕ್ಕರೆ ನೆಲಕ್ಕೆ ಬಿಡಿ, ಚೆನ್ನಾಗಿ ಪುಟಿಯಬೇಕು. ಟಪ್ ಅಂತ ಬಿದ್ದು ಸುಮ್ಮನಾದರೆ ಕಾಲಿಗೆ ಜುಮುಗುಟ್ಟುವುದು ಗ್ಯಾರಂಟಿ.

ದೊಡ್ಡ ಗಾಲಿಯ ಜೊತೆ ಬರುವ ತೊಂದರೆ ವೀಲ್‌ಬೈಟ್: ಆಳದ ತಿರುವಿನಲ್ಲಿ ಗಾಲಿ ಹಲಗೆಯ ತಳಕ್ಕೆ ತಾಗಿ ಅಲ್ಲೇ ಕಚ್ಚಿ ನಿಲ್ಲುವುದು. ಹೊಸ ಬೋರ್ಡಿನ ಒಂದು ಬದಿಯ ಮೇಲೆ ಪೂರ್ತಿ ಭಾರ ಹಾಕಿ, ಗಾಲಿಗೂ ಹಲಗೆಗೂ ನಡುವೆ ಪೋಸ್ಟ್‌ಕಾರ್ಡ್ ತೂರುತ್ತದೆಯೇ ನೋಡಿ. ತೂರದಿದ್ದರೆ ⅛ ಇಂಚಿನ ರೈಸರ್ ಸೇರಿಸಿ. ಆಗ ಹಳೆಯ 1 ಇಂಚಿನ ಬೋಲ್ಟ್ ಸಾಲದು, 1¼ ಬೇಕು. ¼ ಇಂಚಿನ ರೈಸರಿಗೆ 1½. ನಟ್ಟಿನ ಒಳಗಿನ ನೈಲಾನ್ ಬಳೆಯನ್ನು ದಾಟಿ ಬೋಲ್ಟಿನ ಒಂದೆರಡು ಸುತ್ತು ಆಚೆ ಬರಬೇಕು, ಇಲ್ಲವಾದರೆ ಅದುರಿ ಅದುರಿ ಬಿಚ್ಚಿಕೊಳ್ಳುತ್ತದೆ.

ಪಾನಾಗಳ ಬಗ್ಗೆ ಒಂದು ಎಚ್ಚರ. ಈ ಬೋರ್ಡುಗಳ ನಟ್ಟೆಲ್ಲ ಇಂಚಿನ ಲೆಕ್ಕದವು. ಗಾಲಿಯ ನಟ್ಟಿಗೆ ½ ಇಂಚು. ಬೈಕಿನ 13 ಮಿ.ಮೀ. ಪಾನಾ ನಡೆಯುತ್ತದೆ. ಹಲಗೆಯ ಬೋಲ್ಟಿಗೆ ⅜; 10 ಮಿ.ಮೀ. ಸಡಿಲವಾದರೂ ಹೇಗೋ ಕೆಲಸ ಆಗುತ್ತದೆ. ಟ್ರಕ್ಕಿನ ನಡುವೆ ಬುಶಿಂಗ್‌ಗಳನ್ನು ಹಿಡಿದಿಡುವ ದಪ್ಪ ಬೋಲ್ಟು ಕಿಂಗ್‌ಪಿನ್. ಅದರ ನಟ್ಟು 9/16, ಅಂದರೆ ಸುಮಾರು 14.3 ಮಿ.ಮೀ. ಇದಕ್ಕೆ 14ರ ಪಾನಾ ಹತ್ತುವುದಿಲ್ಲ, 15ರದು ಜಾರಿ ಮೂಲೆ ತಿಂದು ಹಾಕುತ್ತದೆ. ಮೂಲೆ ಸವೆದ ಕಿಂಗ್‌ಪಿನ್ ನಟ್ಟನ್ನು ಬಿಚ್ಚಲು ಅರ್ಧ ದಿನ ಹೋಗುತ್ತದೆ. ಉದ್ಯಮಬಾಗದ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ 9/16 ಪಾನಾ ಕೇಳಿ ತಗೊಳ್ಳಿ. ಬೇರಿಂಗ್ ಕೂಡ ಅಲ್ಲೇ: 608 ಅಳತೆ, 8 ಮಿ.ಮೀ. ಒಳಗೆ, 22 ಹೊರಗೆ, 7 ದಪ್ಪ. ಗಾಲಿಗೆ ಎರಡರಂತೆ ಎಂಟು. ನಮ್ಮ ಕೆಂಪು ಧೂಳಿಗೆ ತಗಡಿನ ಮುಚ್ಚಳದ ಝಡ್‌ಝಡ್‌ಗಿಂತ ರಬ್ಬರ್ ಮುಚ್ಚಳದ 2ಆರ್‌ಎಸ್ ಮೇಲು. ಪೊಟ್ಟಣದ ಮೇಲಿನ ಎಬೆಕ್ (ಬೇರಿಂಗಿನ ನಿಖರತೆಯ ದರ್ಜೆ) ಅಂಕಿ ಎಷ್ಟಿದ್ದರೂ ಈ ವೇಗದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ತೊಳೆಯುವಾಗ ಮುಚ್ಚಳವನ್ನು ಸೂಜಿಯಿಂದ ಎಬ್ಬಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಜಿಗುಟಾಗಿ ಧೂಳು ಹಿಡಿಯುತ್ತದೆ.

ಗಾಲಿ ಮರಳಿ ಹಾಕುವಾಗ ಎರಡು ಬೇರಿಂಗ್ ನಡುವಿನ ಸ್ಪೇಸರ್, ಎರಡೂ ಬದಿಯ ತೆಳ್ಳನೆ ವಾಷರ್ ಮರೆಯಬೇಡಿ. ನಟ್ಟು ಬಿಗಿ ಮಾಡಿ, ಕಾಲು ಸುತ್ತು ಸಡಿಲಿಸಿ. ಗಾಲಿ ತಿರುಗಬೇಕು, ಅಲುಗಾಡಬಾರದು.

ಬೋರ್ಡ್ ಕೈಗೆ ಬಂದ ಮೇಲೆ ಹೊಂದಿಸುವ ಕೆಲಸ. ಹಿಂದಿನ ಟ್ರಕ್ ಬಿಗಿಯಾಗಿರಲಿ. ಪಂಪ್ ಮಾಡುವಾಗ ಹಿಂಗಾಲು ಊರುಗೋಲು. ಅದು ಅಲುಗಿದರೆ ನೀವು ಹಾಕಿದ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ, ವೇಗದಲ್ಲಿ ಬೋರ್ಡ್ ನಡುಗುವುದೂ ಶುರುವಾಗುತ್ತದೆ. ಸಿಎಕ್ಸ್‌ನ ಮುಂದಿನ ಕಿಂಗ್‌ಪಿನ್ ನಟ್ಟನ್ನು ಮೊದಲ ಕೆಲವು ವಾರ ಅರ್ಧ ಸುತ್ತು ಬಿಗಿ ಇಟ್ಟು, ಮೈ ಒಗ್ಗಿದ ಹಾಗೆ ಕಾಲುಕಾಲು ಸುತ್ತು ಬಿಡಿ. 85 ಕೆ.ಜಿ. ದಾಟಿದವರು ನಟ್ಟು ಬಿಗಿ ಮಾಡುತ್ತಾ ಹೋಗುವ ಬದಲು ಗಟ್ಟಿ ಬುಶಿಂಗ್ ಹಾಕಿಸಿ. ಅತಿ ಬಿಗಿ ಮಾಡಿದ ಮೆತ್ತನೆ ಬುಶಿಂಗ್ ಉಬ್ಬಿ ಸೀಳುತ್ತದೆ.

ಅಭ್ಯಾಸಕ್ಕೆ ಸಮತಟ್ಟು ಜಾಗ ಸಾಕು, ಅನುಮತಿ ಇದ್ದರೆ ಕಾಲೇಜಿನ ಖಾಲಿ ಪಾರ್ಕಿಂಗ್ ಬಲು ಚಲೋ. ನೆಲದ ಮೇಲೆ 3-4 ಮೀಟರ್ ಅಂತರದಲ್ಲಿ ಎರಡು ಉದ್ದ ಗೆರೆ ಎಳೆಯಿರಿ: ಒಂದು ಅಲೆಯ ಬುಡ, ಇನ್ನೊಂದು ತುದಿ. ಬುಡದ ಗೆರೆಯಲ್ಲಿ ಮೈ ಕುಗ್ಗಿಸಿ ತಿರುಗಿ, ತುದಿಗೆ ಏರುವಾಗ ಎದ್ದು, ಅಲ್ಲಿ ಮರಳಿ ತಿರುಗಿ. ಕ್ರಮ ಯಾವಾಗಲೂ ಕಣ್ಣು, ಭುಜ, ಸೊಂಟ, ಆಮೇಲೆ ಪಾದ. ಕಣ್ಣು ಪಾದದ ಮೇಲಿದ್ದರೆ ಮೂತಿ ಎಲ್ಲೂ ಹೋಗುವುದಿಲ್ಲ. ಎರಡೂ ದಿಕ್ಕಿಗೆ ಸಮ ಮಾಡಿ. ಎದೆ ಅಲೆಯ ಕಡೆ ಇರುವ ತಿರುವು ಸುಲಭ ಅಂತ ಅದೊಂದೇ ಮಾಡುತ್ತಾ ಹೋದರೆ ಕಡಲಲ್ಲಿ ಬೆನ್ನು ಅಲೆಯ ಕಡೆ ಬಂದಾಗ ಗೊಂದಲ. ಗೆಳೆಯರಿಂದ ಮೊಬೈಲ್‌ನಲ್ಲಿ ಪಕ್ಕದಿಂದ ಚಿತ್ರೀಕರಿಸಿ ನೋಡಿ, ನಿಮ್ಮ ಮಂಡಿ ನೀವು ಅಂದುಕೊಂಡದ್ದರ ಅರ್ಧದಷ್ಟೂ ಬಗ್ಗಿರುವುದಿಲ್ಲ. ಕೈಯಿಂದ ನೀರು ತಳ್ಳುವುದು, ಬೋರ್ಡ್ ಮೇಲೆ ಎದ್ದು ನಿಲ್ಲುವುದು, ಅಲೆ ಓದುವುದು, ಈ ಮೂರನ್ನು ಯಾವ ಸರ್ಫ್‌ಸ್ಕೇಟೂ ಕಲಿಸುವುದಿಲ್ಲ.

ಓಡಾಟಕ್ಕೆ: ಕಾಲಿಂದ ತಳ್ಳುವಾಗ ಮುಂಗಾಲು ಮುಂದಿನ ಬೋಲ್ಟುಗಳ ಮೇಲೆ, ಹಲಗೆಯ ನಟ್ಟನಡುವೆ, ಬೆರಳು ಮುಂದಕ್ಕೆ ನೋಡುವ ಹಾಗೆ ಇಡಿ. ಪಾದ ಅಂಚಿಗೆ ಸರಿದರೆ ಬೋರ್ಡ್ ಆ ಕಡೆಗೇ ತಿರುಗುತ್ತದೆ. ಉದ್ದದ ಇಳಿಜಾರಿಗೆ ಇದು ಹೇಳಿ ಮಾಡಿಸಿದ್ದಲ್ಲ. ವೇಗ ಏರಿ ಮೂತಿ ನಡುಗಲು ಶುರುವಾದರೆ ಭಾರವನ್ನು ಮುಂಗಾಲಿಗೆ ಹಾಕಿ, ಮಂಡಿ ಬಗ್ಗಿಸಿ, ಇಳಿದು ಓಡುವಷ್ಟು ವೇಗ ಇರುವಾಗಲೇ ಇಳಿದುಬಿಡಿ. ಕಾಂಗ್ರೆಸ್ ರೋಡ್, ಖಾನಾಪುರ ರೋಡಿನ ಗದ್ದಲಕ್ಕೆ ಇದನ್ನು ಒಯ್ಯಬೇಡಿ. ಹೆಲ್ಮೆಟ್ ಜೊತೆ ಮಣಿಕಟ್ಟಿನ ಗಾರ್ಡ್ ಕಡ್ಡಾಯ, ಯಾಕೆಂದರೆ ಬೋರ್ಡ್ ಮುಂದಕ್ಕೆ ಚಿಮ್ಮಿ ಹಿಂದಕ್ಕೆ ಬೀಳುವವರು ಕೈ ಊರಿಯೇ ಬೀಳುತ್ತಾರೆ. ನಾಯಿಗಳಿಗೆ ಗಾಲಿಯ ಸದ್ದು ಆಗಿಬರುವುದಿಲ್ಲ. ಅಟ್ಟಿಸಿಕೊಂಡು ಬಂದರೆ ಓಡಿಸಬೇಡಿ, ಇಳಿದು ಬೋರ್ಡ್ ಕೈಗೆ ಎತ್ತಿಕೊಂಡರೆ ಹೆಚ್ಚಿನವು ಅಲ್ಲಿಗೇ ಬಿಡುತ್ತವೆ. ಮಳೆಗಾಲದಲ್ಲಿ ಒದ್ದೆ ರಸ್ತೆಗೆ ಇಳಿಸಬೇಡಿ. ಹಲಗೆಯ ಅಂಚಿನಿಂದ ನೀರು ಹೀರಿ ಪದರ ಬಿಡುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ.

ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬಿಡಬೇಡಿ, ಆದರೆ ಮೂರು ಕಡೆ ಕಣ್ಣು ಹಾಯಿಸಿ. ಮುಂದಿನ ಟ್ರಕ್ಕನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎಳೆಯಿರಿ: ಪಕ್ಕಕ್ಕೆ ತಿರುಗುವುದು ಸರಿ, ಮೇಲೆ ಕೆಳಗೆ ಕಟಕಟ ಅಂದರೆ ಒಳಗಿನ ಬೇರಿಂಗ್ ಅಥವಾ ಪಿವಟ್ ಸವೆದಿದೆ. ಬೋಲ್ಟ್ ರಂಧ್ರಗಳ ಸುತ್ತ ಹಲಗೆ ಬಿರುಕು ಬಿಟ್ಟಿದೆಯೇ, ಬಾಲದ ಕೆಳಗೆ ಪದರ ಎದ್ದಿದೆಯೇ ನೋಡಿ. ಸ್ಪ್ರಿಂಗ್ ಟ್ರಕ್ಕಾದರೆ ಮೂತಿಯನ್ನು ಒಂದು ಬದಿಗೆ ತಿರುಗಿಸಿ ಬಿಡಿ, ತಾನಾಗಿ ನಡುವಿಗೆ ಬರಬೇಕು. ಈ ಮೂರೂ ಸರಿಯಿದ್ದು ಗಾಲಿ, ಬೇರಿಂಗ್ ಮಾತ್ರ ಸವೆದಿದ್ದರೆ ಧೈರ್ಯವಾಗಿ ತಗೊಳ್ಳಿ, ಎರಡನ್ನೂ ಹೊಸದಾಗಿ ಹಾಕಿಸುವ ಖರ್ಚನ್ನು ಹೇಳಿದ ಬೆಲೆಯಲ್ಲಿ ಇಳಿಸಿಕೊಂಡು.